ಹಳೆಯ ಕನ್ನಡ ಕಡತಗಳನ್ನು ಒಂದೇ ರೂಪಕ್ಕೆ ತರುವುದು: ಮೊದಲು ಅಕ್ಷರ, ಆಮೇಲೆ ಅಂದ

ಗಂಗಾವತಿ, ಕಾರಟಗಿ, ಸಿಂಧನೂರು ಕಡೆಯ ನೀರು ಬಳಕೆದಾರರ ಸಹಕಾರ ಸಂಘವೊಂದು ತನ್ನ ಹತ್ತು ವರ್ಷದ ನಡಾವಳಿಗಳನ್ನು ಒಂದೇ ಸಂಪುಟವಾಗಿ ಕಟ್ಟಿಸಬೇಕಾಗಿದೆ ಅಂದುಕೊಳ್ಳಿ. ಒಂದು ವರ್ಷದ್ದು ಡಿಟಿಪಿ ಅಂಗಡಿಯಲ್ಲಿ ನುಡಿ ಫಾಂಟಿನಲ್ಲಿ ಟೈಪಾಗಿರುತ್ತದೆ, ಇನ್ನೊಂದು ವರ್ಷದ್ದು ಮೊಬೈಲಿನಲ್ಲಿ ಬರೆದು ವಾಟ್ಸ್ಆ್ಯಪ್‌ನಲ್ಲಿ ಬಂದಿರುತ್ತದೆ. ಮತ್ತೊಂದರಲ್ಲಿ ತಲೆಬರಹ ನಡುವಿಗೆ ಬರಲೆಂದು ಇಪ್ಪತ್ತು ಸಲ ಸ್ಪೇಸ್ ಒತ್ತಿರುತ್ತಾರೆ. ಇಂಥ ಕಡತಗಳನ್ನು ಪುಟಪುಟವಾಗಿ ಕೈಯಿಂದ ತಿದ್ದಲು ಹೋದರೆ ಕೆಲಸ ಮುಗಿಯುವುದೇ ಇಲ್ಲ. ಸ್ಟೈಲ್‌ಗಳಿಂದ ಮಾಡಿದರೆ ಮುಗಿಯುತ್ತದೆ (ಸ್ಟೈಲ್ ಅಂದರೆ ಫಾಂಟ್, ಅಳತೆ, ಅಂತರಗಳನ್ನು ಒಂದು ಹೆಸರಿನಡಿ ಕಟ್ಟಿಟ್ಟ ರೂಪ), ಆದರೆ ಮಾಡುವ ಕ್ರಮ ತಪ್ಪಬಾರದು.

ಕ್ರಮ ಯಾಕೆ ಮುಖ್ಯ ಅಂದರೆ, ನುಡಿಯ ಹಳೆಯ ಆಸ್ಕಿ ಕಡತದಲ್ಲಿ ಫಾಂಟ್ ಬರೀ ಅಂದಕ್ಕಲ್ಲ. ಅಲ್ಲಿ ಒಳಗಿರುವುದು ರೋಮನ್ ಅಕ್ಷರ, ಚಿಹ್ನೆಗಳ ಸಂಕೇತ. ಅದನ್ನು ಕನ್ನಡವಾಗಿ ತೋರಿಸುವುದು ‘ನುಡಿ 01 ಇ’ಯಂಥ ಫಾಂಟ್ ಮಾತ್ರ. ಅಂಥ ಕಡತದ ಮೇಲೆ ‘ಕ್ಲಿಯರ್ ಫಾರ್ಮ್ಯಾಟಿಂಗ್’ ಒತ್ತಿದರೆ ಪುಟ ತುಂಬ ಅರ್ಥವಿಲ್ಲದ ಚಿಹ್ನೆಗಳಾಗುತ್ತವೆ. ಜೊತೆಗೆ ಯಾವುದು ಕನ್ನಡ, ಯಾವುದು ನಿಜವಾದ ಇಂಗ್ಲಿಷ್ ಎಂಬ ಗುರುತೂ ಅಳಿಸಿಹೋಗುತ್ತದೆ. ಹಾಗಾಗಿ ಕನ್ನಡ ಅಕ್ಷರಗಳಿಗೆ ತಮ್ಮದೇ ಸಂಕೇತವಿರುವ ಯೂನಿಕೋಡ್‌ಗೆ ಪರಿವರ್ತನೆ ಆಗುವವರೆಗೆ ಬೇರೇನನ್ನೂ ಮುಟ್ಟಬೇಡಿ.

ಮೂಲ ಕಡತಗಳನ್ನೆಲ್ಲ ಬೇರೆ ಫೋಲ್ಡರಿಗೆ ನಕಲು ಮಾಡಿಟ್ಟು, ನಕಲಿನ ಮೇಲೆ ಕೆಲಸ ಶುರು ಮಾಡಿ. ಆಸ್ಕಿ ಪಠ್ಯವನ್ನು ಪರಿವರ್ತಕಕ್ಕೆ (ಅದನ್ನು ಯೂನಿಕೋಡ್ ಮಾಡಿಕೊಡುವ ತಂತ್ರಾಂಶಕ್ಕೆ) ಕೊಡುವಾಗ ನಡುವೆ ಬರುವ ಇಂಗ್ಲಿಷ್ ಪದಗಳನ್ನು ಪಕ್ಕಕ್ಕಿಡಿ. ಇಲ್ಲದಿದ್ದರೆ ಪರಿವರ್ತಕ ಅವನ್ನೂ ಕನ್ನಡವೆಂದೇ ತಿಳಿದು ವಿಚಿತ್ರ ಪದ ಮಾಡಿಡುತ್ತದೆ. ಮುಗಿದ ಮೇಲೆ ಒತ್ತಕ್ಷರ, ಅರ್ಕಾವತ್ತು ಇರುವ ಪದಗಳನ್ನು ಹುಡುಕಿ ನೋಡಿ: ಬಳ್ಳಾರಿ, ಕೊಪ್ಪಳ, ಕುಷ್ಟಗಿ, ಕರ್ನಾಟಕ, ತೀರ್ಮಾನ, ಕಾರ್ಯದರ್ಶಿ. ತಪ್ಪು ಹೆಚ್ಚಾಗಿ ಸಿಗುವುದು ಅರ್ಕಾವತ್ತಿನಲ್ಲೇ. ಹಳೆಯ ಫಾಂಟಿನಲ್ಲಿ ಅದು ಅಕ್ಷರವಾದ ಮೇಲೆ ಬರುತ್ತದೆ, ಯೂನಿಕೋಡ್‌ನಲ್ಲಿ ‘ರ್’ ಮೊದಲು ಬರಬೇಕು.

ಆಮೇಲೆ ಒಂದು ಮಾದರಿ ಕಡತ ಮಾಡಿ. ವರ್ಡ್‌ನಲ್ಲಿ ಎ4 ಪುಟ, ಬೈಂಡಿಂಗ್ ಬದಿಗೆ 1.5 ಇಂಚು, ಉಳಿದ ಮೂರು ಕಡೆ 1 ಇಂಚು ಬಿಡಿ. ‘ನಾರ್ಮಲ್’, ‘ಹೆಡಿಂಗ್ 1’, ‘ಹೆಡಿಂಗ್ 2’ ಮತ್ತು ಕೋಷ್ಟಕದ ಪಠ್ಯಕ್ಕೊಂದು, ಹೀಗೆ ನಾಲ್ಕು ಸ್ಟೈಲ್ ಸಾಕು. ಹದಿನೈದು ಸ್ಟೈಲ್ ಮಾಡಿದರೆ ಯಾರೂ ನೆನಪಿಟ್ಟುಕೊಳ್ಳುವುದಿಲ್ಲ. ಪಠ್ಯಕ್ಕೆ ನಿರ್ಮಲಾ ಅಥವಾ ನೋಟೊ ಸೆರಿಫ್ ಕನ್ನಡ 12, ದೊಡ್ಡ ತಲೆಬರಹಕ್ಕೆ 16, ಚಿಕ್ಕದಕ್ಕೆ 14 ಅಳತೆ ಇರಲಿ.

ಇಲ್ಲಿ ಎರಡು ಕಡೆ ಎಡವುವ ಸಂಭವ ಹೆಚ್ಚು. ವರ್ಡ್ ಕನ್ನಡವನ್ನು ‘ಕಾಂಪ್ಲೆಕ್ಸ್ ಸ್ಕ್ರಿಪ್ಟ್’ ಎಂದು ಬೇರೆಯಾಗಿ ಲೆಕ್ಕ ಹಿಡಿಯುತ್ತದೆ, ಅದಕ್ಕೆ ಫಾಂಟೂ ಅಳತೆಯೂ ಪ್ರತ್ಯೇಕ. ಸ್ಟೈಲ್ ತಿದ್ದಿದ ಮೇಲೆ ಇಂಗ್ಲಿಷ್ ಅಕ್ಷರ ಮಾತ್ರ ದೊಡ್ಡದಾಗಿ ಕನ್ನಡ ಇದ್ದಷ್ಟೇ ಉಳಿದರೆ, ‘ಮಾಡಿಫೈ’, ‘ಫಾರ್ಮ್ಯಾಟ್’, ‘ಫಾಂಟ್’ಗೆ ಹೋಗಿ ಅಲ್ಲಿನ ‘ಕಾಂಪ್ಲೆಕ್ಸ್ ಸ್ಕ್ರಿಪ್ಟ್’ ಭಾಗವನ್ನೂ ತುಂಬಿ. ವರ್ಡ್‌ನಂಥದೇ ಉಚಿತ ತಂತ್ರಾಂಶವಾದ ಲಿಬ್ರೆಆಫೀಸ್‌ನಲ್ಲಿ ಇದರ ಹೆಸರು ಸಿಟಿಎಲ್ (ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್). ಎಡವುವ ಎರಡನೇ ಕಡೆ ಸಾಲುಗಳ ನಡುವಿನ ಅಂತರ: ‘ಎಕ್ಸಾಕ್ಟ್ಲಿ’ ಆರಿಸಿ ಅಂತರ ಬಿಗಿ ಮಾಡಿದರೆ ‘ಬಳ್ಳಾರಿ’ಯ ಒತ್ತಕ್ಷರದ ಕೆಳಭಾಗ ಕತ್ತರಿಸಿಹೋಗುತ್ತದೆ. ‘ಮಲ್ಟಿಪಲ್’ ಆರಿಸಿ 1.3 ಕೊಡಿ. ಸ್ಟೈಲ್ ಪೆಟ್ಟಿಗೆಯಲ್ಲಿ ‘ಆಟೊಮ್ಯಾಟಿಕಲಿ ಅಪ್‌ಡೇಟ್’ ಗುರುತು ಇದ್ದರೆ ತೆಗೆಯಿರಿ. ಅದು ಇದ್ದರೆ ಒಂದು ಪ್ಯಾರಾ ದಪ್ಪ ಮಾಡಿದಾಗ ಆ ಸ್ಟೈಲಿನ ಎಲ್ಲ ಪ್ಯಾರಾಗಳೂ ದಪ್ಪವಾಗುತ್ತವೆ.

ಇನ್ನು ಹಳೆಯ ಕೊಳೆ ತೊಳೆಯುವ ಕೆಲಸ. ‘ರಿಪ್ಲೇಸ್’ ಪೆಟ್ಟಿಗೆಯ ‘ಸ್ಪೆಷಲ್’ ಪಟ್ಟಿಯಿಂದ ‘ಪ್ಯಾರಾಗ್ರಾಫ್ ಮಾರ್ಕ್’ ಅನ್ನು ಹುಡುಕುವ ಜಾಗದಲ್ಲಿ ಎರಡು ಸಲ, ಬದಲಿಸುವ ಜಾಗದಲ್ಲಿ ಒಂದು ಸಲ ಹಾಕಿ, ಬದಲಾದ ಸಂಖ್ಯೆ ಇನ್ನು ಇಳಿಯದು ಅನ್ನುವವರೆಗೆ ‘ರಿಪ್ಲೇಸ್ ಆಲ್’ ಒತ್ತುತ್ತಿರಿ. ಜೋಡಿ ಸ್ಪೇಸ್‌ಗಳನ್ನೂ ಹೀಗೆಯೇ ಒಂದಾಗಿಸಿ. ಲಿಬ್ರೆಆಫೀಸ್‌ನಲ್ಲಿ ‘ರೆಗ್ಯುಲರ್ ಎಕ್ಸ್‌ಪ್ರೆಶನ್’ ಗುರುತು ಹಾಕಿ ^$ ಹುಡುಕಿ, ಬದಲಿಯನ್ನು ಖಾಲಿ ಬಿಟ್ಟರೆ ಬರಿದಾದ ಪ್ಯಾರಾಗಳು ಒಂದೇ ಏಟಿಗೆ ಹೋಗುತ್ತವೆ. ತಲೆಬರಹದ ಮೇಲೆ ಕೆಳಗೆ ಬೇಕಾದ ಜಾಗ ಸ್ಟೈಲಿನಿಂದ ಬರಲಿ.

ಕೈಯಿಂದ ಹಾಕಿದ ರೂಪ ತೆಗೆಯಲು ವರ್ಡ್‌ನಲ್ಲಿ ಕಂಟ್ರೋಲ್ ಜೊತೆ ಸ್ಪೇಸ್ ಒತ್ತಿದರೆ ಅಕ್ಷರದ ರೂಪ, ಕಂಟ್ರೋಲ್ ಜೊತೆ ಕ್ಯೂ ಒತ್ತಿದರೆ ಪ್ಯಾರಾದ ರೂಪ ಹೋಗುತ್ತದೆ. ಲಿಬ್ರೆಆಫೀಸ್‌ನಲ್ಲಿ ಅದಕ್ಕೆ ಕಂಟ್ರೋಲ್ ಜೊತೆ ಎಂ. ಆದರೆ ಬೇಕೆಂದೇ ದಪ್ಪ ಮಾಡಿದ ಮಾತುಗಳೂ ಆಗ ಸಪ್ಪೆಯಾಗುತ್ತವೆ. ಅದಕ್ಕೆ ಮೊದಲೇ ಉಳಿಯಬೇಕಾದ ಕಡೆಗೆ ಹಳದಿ ಹೈಲೈಟ್ ಬಳಿಯಿರಿ. ವರ್ಡ್‌ನಲ್ಲಿ ಈ ಬಣ್ಣ ತೊಳೆದ ಮೇಲೂ ಉಳಿಯುತ್ತದೆ. ಆಮೇಲೆ ಹೈಲೈಟನ್ನೇ ಹುಡುಕುತ್ತ ಹೋಗಿ ದಪ್ಪ ಕೊಟ್ಟು ಬಣ್ಣ ತೆಗೆಯಿರಿ. ಅಡಿಟಿಪ್ಪಣಿ ಇರುವ ಸಂಶೋಧನಾ ಪ್ರಬಂಧವಾದರೆ ಇಡೀ ಕಡತ ಆರಿಸಿ ತೊಳೆಯಲೇಬೇಡಿ, ಮೇಲೆ ಕೂತ ಟಿಪ್ಪಣಿ ಅಂಕಿಗಳು ಸಾಲಿಗೆ ಇಳಿದುಬಿಡುತ್ತವೆ. ಅಲ್ಲಿ ಟಿಪ್ಪಣಿ ಅಂಕಿಗಳನ್ನು ಬಿಟ್ಟು ಪ್ಯಾರಾ ಪ್ಯಾರಾ ಮಾಡುವುದೇ ಸರಿ.

ತೊಳೆದ ಪಠ್ಯವನ್ನು ಮಾದರಿ ಕಡತಕ್ಕೆ ತರುವಾಗ ಪೇಸ್ಟ್ ಆಯ್ಕೆಗಳಲ್ಲಿ ‘ಯೂಸ್ ಡೆಸ್ಟಿನೇಶನ್ ಸ್ಟೈಲ್ಸ್’ ಆರಿಸಿ. ‘ಕೀಪ್ ಟೆಕ್ಸ್ಟ್ ಓನ್ಲಿ’ ಆರಿಸಿದರೆ ಕೋಷ್ಟಕಗಳು ಒಡೆದು ಬರೀ ಟ್ಯಾಬ್ ಸಾಲುಗಳಾಗುತ್ತವೆ. ವರ್ಡ್‌ನಲ್ಲಿ ಕಂಟ್ರೋಲ್, ಆಲ್ಟ್ ಹಿಡಿದು 1 ಅಥವಾ 2 ಒತ್ತಿದರೆ ತಲೆಬರಹದ ಸ್ಟೈಲ್ ಕೂರುತ್ತದೆ. ‘ನ್ಯಾವಿಗೇಶನ್’ ಫಲಕ ತೆರೆದಿಟ್ಟುಕೊಳ್ಳಿ, ಬಿಟ್ಟುಹೋದ ತಲೆಬರಹ ಅಲ್ಲಿ ಕಾಣದಿರುವುದರಿಂದ ಕೂಡಲೇ ಸಿಕ್ಕಿಬೀಳುತ್ತದೆ. ಮಾದರಿ ಕಡತವನ್ನು ಟೆಂಪ್ಲೇಟ್ ಆಗಿ ಜೋಡಿಸಿ ಸ್ಟೈಲ್ ತರುವ ದಾರಿಯೂ ಇದೆ, ಆದರೆ ಅದರಿಂದ ಪುಟದ ಮಾರ್ಜಿನ್ ಬರುವುದಿಲ್ಲ, ಅದನ್ನು ಬೇರೆಯಾಗಿ ಕೊಡಬೇಕು.

ನಡಾವಳಿಯಲ್ಲಿ ಒಂದು ವಿಷಯಕ್ಕೆ ವಿಶೇಷ ಎಚ್ಚರ ಬೇಕು: ಠರಾವಿನ ನಂಬರಿಗೆ ಆಟೊ ನಂಬರಿಂಗ್ ಕೊಡಬೇಡಿ. ಅದು ದಾಖಲೆಯ ಅಂಕಿ. ಮೇಲೊಂದು ಪ್ಯಾರಾ ಸೇರಿದ ತಕ್ಷಣ 14ನೇ ಠರಾವು ತಾನಾಗಿ 15 ಆಗಿಬಿಟ್ಟರೆ ಸಹಿ ಬಿದ್ದ ಪುಸ್ತಕಕ್ಕೂ ನಿಮ್ಮ ಸಂಪುಟಕ್ಕೂ ತಾಳೆಯಾಗುವುದಿಲ್ಲ. ಕೈಯಿಂದ ಟೈಪ್ ಮಾಡಿದ ಅಂಕಿಯೇ ಇರಲಿ, ಕನ್ನಡ ಅಂಕಿಯೋ ಇಂಗ್ಲಿಷ್ ಅಂಕಿಯೋ ಒಂದನ್ನೇ ಕೊನೆವರೆಗೆ ಬಳಸಿ.

ಎಕ್ಸೆಲ್‌ನಿಂದ ಬಂದ ಜಮೀನು ಪಟ್ಟಿಗಳಿದ್ದರೆ ಎಕರೆ-ಗುಂಟೆ ಕಾಲಂ ಓದಿ ನೋಡಿ. ಎರಡು ಎಕರೆ ಹತ್ತು ಗುಂಟೆ ಎಂದು 2-10 ಹೊಡೆದಾಗ ಎಕ್ಸೆಲ್ ಅದನ್ನು ತಾರೀಖು ಮಾಡಿಡುತ್ತದೆ. ಮೂಲ ಹಾಳೆಯಲ್ಲಿ ಕಾಲಮನ್ನು ಮೊದಲು ‘ಟೆಕ್ಸ್ಟ್’ ಮಾಡಿ, ಹಾಳಾದವನ್ನು ಮತ್ತೆ ಟೈಪ್ ಮಾಡಬೇಕು. ಗುಂಟೆಯ ಅಂಕಿ 40 ಅಥವಾ ಹೆಚ್ಚು ಕಂಡರೆ ಅದೂ ತಪ್ಪೇ. ಪಟ್ಟಿ ಒಂದು ಪುಟ ದಾಟಿದರೆ ಮೊದಲ ಸಾಲಿಗೆ ‘ರಿಪೀಟ್ ಹೆಡರ್ ರೋಸ್’ ಕೊಡಿ.

ಪ್ರಿಂಟಿಗೆ ವರ್ಡ್ ಕಡತ ಒಯ್ಯಬೇಡಿ. ಅಂಗಡಿಯ ಕಂಪ್ಯೂಟರಿನಲ್ಲಿ ಆ ಫಾಂಟ್ ಇಲ್ಲದಿದ್ದರೆ ಸಾಲುಗಳೆಲ್ಲ ಸರಿದು ಪುಟಸಂಖ್ಯೆಯೇ ಬದಲಾಗುತ್ತದೆ. ಪರಿವಿಡಿಯನ್ನು ‘ಅಪ್‌ಡೇಟ್’ ಮಾಡಿ ಪಿಡಿಎಫ್ ಮಾಡಿಕೊಳ್ಳಿ. ಇಡೀ ಸಂಪುಟ ತೆಗೆಸುವ ಮೊದಲು ಮೂರೇ ಪುಟ ಪ್ರಿಂಟ್ ತೆಗೆಸಿ: ಒಂದು ತಲೆಬರಹದ್ದು, ಒಂದು ದೊಡ್ಡ ಕೋಷ್ಟಕದ್ದು, ಒಂದು ಒತ್ತಕ್ಷರ ದಟ್ಟವಾಗಿರುವುದು.