ಮೊದಲು ಲಕೋಟೆ, ಕೊನೆಗೆ ಡಿಸೈನ್: ಮದುವೆ ಪತ್ರಿಕೆ ಮಾಡಿಸಿದ ನನ್ನ ಅನುಭವ

ಲಕೋಟೆ ಮೊದಲು ಕೊಂಡುಕೊಂಡು, ಆಮೇಲೆ ಡಿಸೈನ್ ಮಾಡಿಸುತ್ತೇನೆ ಅಂದಾಗ ಡಿಸೈನರ್‌ಗಳಿಂದ ಹಿಡಿದು ಪ್ರೆಸ್ಸಿನವರವರೆಗೆ ಯಾರೂ ಒಪ್ಪಿರಲಿಲ್ಲ. "ಅಳತೆ, ಕಾಗದ ಎಲ್ಲಾ ನೀವೇ ಆರಿಸಿದ್ರೆ ನಾನು ಮಾಡೋದೇನು?" ಎಂದು ಒಬ್ಬ ಡಿಸೈನರ್ ಕೆಲಸವನ್ನೇ ಬಿಟ್ಟರು. ಈಗ ಪೂರ್ತಿ ಸೆಟ್ ಮುಗಿದು ಹಂಚಿಯೂ ಆಯಿತು: ಆಹ್ವಾನ, ಬರುತ್ತೇವೋ ಇಲ್ಲವೋ ಎಂದು ಅತಿಥಿಗಳು ಬರೆದು ಕಳಿಸುವ ಉತ್ತರದ ಕಾರ್ಡು, ವಿವರದ ಚೀಟಿ, ಧನ್ಯವಾದದ ಕಾರ್ಡು, ಅವಕ್ಕೆ ತಕ್ಕ ಲಕೋಟೆಗಳು. ಸುಮಾರು 180 ಸೆಟ್. ಅಂದುಕೊಂಡ ಬಜೆಟ್‌ನಲ್ಲಿ ಒಂದಿಷ್ಟು ಉಳಿಯಿತು ಕೂಡ.

ಇದಕ್ಕೂ ಮುಂಚೆ ಮಾಡಿಸಿದ ಪತ್ರಿಕೆಗಳಲ್ಲಿ ಎಲ್ಲರ ಹಾಗೆ ಡಿಸೈನ್‌ನಿಂದಲೇ ಹೊರಡುತ್ತಿದ್ದೆ. ಒಮ್ಮೆ ಸ್ಕ್ರೀನ್ ಮೇಲೆ ಬಹಳ ಮುದ್ದಾಗಿ ಕಂಡ 135ಕ್ಕೆ 190 ಮಿ.ಮೀ. ಕಾರ್ಡು ಓಕೆ ಆಯಿತು. ಅಂಗಡಿಯಲ್ಲಿ ಸಿಗುವ ಸಿ6 ಅಳತೆಯ ಲಕೋಟೆಗೆ ಅದು ಹೋಗದು, ಅದಕ್ಕಿಂತ ದೊಡ್ಡ ಸಿ5ಗೆ ಹಾಕಿದರೆ ಒಳಗೆ ಗುಡುಗುಡು ಓಡಾಡುತ್ತದೆ. ಕೊನೆಗೆ ಅದೊಂದಕ್ಕಾಗಿ ಡೈ (ಕಾಗದ ಕತ್ತರಿಸುವ ಅಚ್ಚು) ಮಾಡಿಸಿ, ಕತ್ತರಿಸಿ, ಅಂಟಿಸಿ ಲಕೋಟೆ ತಯಾರಿಸಬೇಕಾಯಿತು. ಒಳಗಿನ ಕಾರ್ಡಿಗಿಂತ ಹೊರಗಿನ ಲಕೋಟೆಗೇ ಹೆಚ್ಚು ದುಡ್ಡು ಹೋಯಿತು.

ಇನ್ನೊಂದು ಸಲ ಕಡುನೀಲಿ ಕಾಗದದ ಮೇಲೆ ಬಿಳಿ ಅಕ್ಷರ ಬೇಕೆಂದು ಹುಡುಗಿ ಕಡೆಯವರ ಆಸೆ. ಲೆಟರ್‌ಪ್ರೆಸ್‌ನಲ್ಲೇ, ಅಂದರೆ ಉಬ್ಬಿದ ಅಕ್ಷರದ ಪ್ಲೇಟಿಗೆ ಶಾಯಿ ಹಚ್ಚಿ ಕಾಗದಕ್ಕೆ ಒತ್ತಿ, ಮಾಡಿಕೊಡುತ್ತೇವೆ ಎಂದು ಪ್ರೆಸ್ಸಿನವರು ಒಪ್ಪಿಕೊಂಡರು. ಆ ಶಾಯಿ ಅಡಿಯ ಬಣ್ಣವನ್ನು ಪೂರ್ತಿ ಮುಚ್ಚುವುದಿಲ್ಲ. ಬಿಳಿ ಬರಬೇಕಾದಲ್ಲಿ ಮಂಕು ಬೂದು ಬಂತು. ಕಡೆಗೆ ಫಾಯಿಲ್ ಮಾಡಿಸಿದೆವು, ಅಂದರೆ ಬಣ್ಣದ ತೆಳು ಹಾಳೆಯನ್ನು ಬಿಸಿ ಬ್ಲಾಕಿನಿಂದ ಒತ್ತಿ ಅಂಟಿಸುವುದು. ಫಾಯಿಲ್‌ಗೆ ಲೋಹದ ಬ್ಲಾಕ್ ಬೇಕು, ಲೆಟರ್‌ಪ್ರೆಸ್‌ಗೆಂದು ಮಾಡಿಸಿದ್ದ ಪಾಲಿಮರ್ (ಪ್ಲಾಸ್ಟಿಕ್) ಪ್ಲೇಟ್ ಉಪಯೋಗಕ್ಕೆ ಬರಲಿಲ್ಲ. ಒಂದೇ ಪತ್ರಿಕೆಗೆ ಎರಡು ಪ್ಲೇಟಿನ ದುಡ್ಡು! ಮುಂಗಡ ವಾಪಸ್ ಕೇಳಿದ್ದಕ್ಕೆ ಇವತ್ತಿಗೂ ಉತ್ತರವಿಲ್ಲ.

ಹಾಗಾಗಿ ಈ ಸಲ ದಾರಿಯನ್ನೇ ತಿರುಗಿಸಿದೆ. ಅಂಗಡಿಯಲ್ಲಿ ಸಿದ್ಧವಾಗಿ ಸಿಗುವ ಸಿ5 ಲಕೋಟೆ, ಒಳ್ಳೆಯ ದಪ್ಪದ್ದು, ಬೇಕಾದ್ದಕ್ಕಿಂತ ಹದಿನೈದು ಪರ್ಸೆಂಟ್ ಜಾಸ್ತಿ ತಂದೆ. ವಿಳಾಸ ಬರೆಯುವಾಗ ಕೆಡುವುದು ಲಕೋಟೆಯೇ, ಕಾರ್ಡಲ್ಲ. ಅಲ್ಲಿಗೆ ಆಹ್ವಾನ ಎ5, ಅಂದರೆ 148ಕ್ಕೆ 210 ಮಿ.ಮೀ. ಎಂದು ತಾನಾಗಿಯೇ ತೀರ್ಮಾನವಾಯಿತು. ಉತ್ತರದ ಕಾರ್ಡು ಅದರ ಅರ್ಧದಷ್ಟಿರುವ ಎ6, ಆ ಕಾರ್ಡಿನ ಲಕೋಟೆ ಸಿ6. ಅದು ಸಿ5 ಒಳಗೆ ಮಡಚದೆ ಕೂರುತ್ತದೆ. ಆಹ್ವಾನಕ್ಕೆ 600 ಜಿಎಸ್‌ಎಂ (ಚದರ ಮೀಟರಿಗೆ 600 ಗ್ರಾಂ ತೂಗುವ) ಹತ್ತಿ ಕಾಗದ, ಉತ್ತರದ ಕಾರ್ಡಿಗೂ ಧನ್ಯವಾದದ ಕಾರ್ಡಿಗೂ ಅದೇ ಮಿಲ್ಲಿನ 300. ಬೇರೆ ಮಿಲ್ಲಿನದು ತಂದರೆ ಒಂದು ಬಿಳಿ ಹಳದಿಗೆ ಎಳೆಯುತ್ತದೆ, ಇನ್ನೊಂದು ನೀಲಿಗೆ. ಟ್ಯೂಬ್‌ಲೈಟ್ ಕೆಳಗೆ ಇದು ಗೊತ್ತಾಗುವುದಿಲ್ಲ, ಬಾಗಿಲ ಬಳಿ ಹಗಲು ಬೆಳಕಿನಲ್ಲಿ ಪಕ್ಕಪಕ್ಕ ಹಿಡಿದು ನೋಡಬೇಕು. ಬರಿಯ ಕಾಗದಗಳನ್ನೇ ಲಕೋಟೆಗೆ ತುಂಬಿ ತೂಗಿದೆ, ಹೆಚ್ಚುಕಡಿಮೆ 40 ಗ್ರಾಂ. ಅಂಚೆ ಖರ್ಚು ಎಷ್ಟಾಗುತ್ತದೆ ಎಂಬುದು ಡಿಸೈನ್ ಶುರುವಾಗುವ ಮೊದಲೇ ಕೈಯಲ್ಲಿತ್ತು.

ಆಮೇಲೆ ಲೆಟರ್‌ಪ್ರೆಸ್ ಮಾಡುವ ಪ್ರೆಸ್. ಎಷ್ಟು ತೆಳ್ಳಗಿನ ಗೆರೆ ಮುರಿಯದೆ ಬರುತ್ತದೆ, ಪ್ಲೇಟ್ ಎಷ್ಟು ದೊಡ್ಡದು ಮಾಡಬಹುದು, ಎಷ್ಟು ಹಾಳೆ ಹಾಳಾಗುತ್ತದೆ, ಇಷ್ಟನ್ನೇ ಕೇಳಿ ಬರೆದುಕೊಂಡೆ. ಆ ಚೀಟಿ, ಲಕೋಟೆ, ಕತ್ತರಿಸಿದ ಖಾಲಿ ಕಾರ್ಡುಗಳನ್ನು ಕಡೆಯಲ್ಲಿ ಇನ್ನೊಬ್ಬ ಡಿಸೈನರ್ ಕೈಗಿಟ್ಟೆ. ಈಕೆ ಮೊದಲು ಗೊಣಗಿದರು. ಖಾಲಿ ಕಾರ್ಡಿನ ಮೇಲೆ ಪೆನ್ಸಿಲ್‌ನಲ್ಲಿ ಗೀಚಲು ಕೂತ ಮೇಲೆ, ಎರಡನೇ ಕರಡಿಗೇ ಕೆಲಸ ಮುಗಿಯಿತು. ಹಿಂದೆಲ್ಲ ತಿದ್ದುಪಡಿಗೇ ಡಿಸೈನ್ ಚಾರ್ಜಿನಷ್ಟು ಇನ್ನೊಮ್ಮೆ ಕೊಟ್ಟವನು ನಾನು.

ಪ್ಲೇಟಿನ ಬೆಲೆ ಅಳತೆಯ ಮೇಲೆ. ಅದಕ್ಕೇ ಆಹ್ವಾನ, ಉತ್ತರ, ಧನ್ಯವಾದ ಮೂರನ್ನೂ ಒಂದೇ ಪ್ಲೇಟಿನಲ್ಲಿ ಒತ್ತೊತ್ತಾಗಿ ಜೋಡಿಸಿ, ಪ್ಲೇಟ್ ಬಂದ ಮೇಲೆ ಅದನ್ನು ಕತ್ತರಿಸಿಕೊಂಡೆವು. ಅಂಚಿನಲ್ಲಿ ಉಳಿದ ಬೆರಳಗಲದ ಪಟ್ಟಿಯನ್ನೂ ಬಿಡಲಿಲ್ಲ, ಅಕ್ಷರ ಎಷ್ಟು ಚಿಕ್ಕದಾದರೂ ನಿಲ್ಲುತ್ತದೆ ಎಂದು ನೋಡಲು ಒಂದೇ ಕನ್ನಡ ಸಾಲನ್ನು ಮೂರು ಗಾತ್ರದಲ್ಲಿ ಅದರಲ್ಲಿ ಹಾಕಿಸಿದೆ. ಹತ್ತಿ ಕಾಗದದಲ್ಲಿ ಅಚ್ಚು ಆಳಕ್ಕೆ ಇಳಿದಾಗ ಶಾಯಿ ಬದಿಗೆ ಹಿಂಡಿಕೊಳ್ಳುತ್ತದೆ. ಚಿಕ್ಕ ಗಾತ್ರದಲ್ಲಿ 'ಣ'ದ ಸುರುಳಿ, 'ಕ್ಷ'ದ ಹೊಟ್ಟೆ ಮುಚ್ಚಿಹೋಗಿ ಬರೀ ಚುಕ್ಕಿ ಉಳಿದಿತ್ತು, ಕೆಳಗಿನ ಒತ್ತಕ್ಷರ ಮುಂದಿನ ಸಾಲಿನ ಗುಡಿಸಿಗೆ ತಾಗುತ್ತಿತ್ತು. ಮುಚ್ಚಿಕೊಳ್ಳದೆ ನಿಂತದ್ದು 11 ಪಾಯಿಂಟ್, ಸಾಲಿನ ಅಂತರ 17ರ ಆಸುಪಾಸು. ಪ್ಲೇಟಿಗೆ ಕಳಿಸುವ ಮುಂಚೆ ಅಕ್ಷರದ ಗೆರೆಗಳಿಗೆ ಇನ್ನೊಂದು ಸಣ್ಣ ಕೆಲಸ ಮಾಡಿದ್ದೇವೆ, ಅದು ನನ್ನ ಮತ್ತು ಡಿಸೈನರ್ ನಡುವೆಯೇ ಇರಲಿ. ಶಾಯಿ ಬೆರೆಸಿದ ಲೆಕ್ಕವೂ ಅಷ್ಟೇ. ಒಂದು ಮಾತ್ರ ಹೇಳುತ್ತೇನೆ: ಬಣ್ಣದ ಮಾದರಿಗಳಿರುವ ಪ್ಯಾಂಟೋನ್ ಪುಸ್ತಕದಲ್ಲಿ ನುಣುಪಿಲ್ಲದ ಕಾಗದದ 'ಯು' ಹಾಳೆಯನ್ನೇ ನೋಡಬೇಕು, ನುಣುಪು ಕಾಗದದ 'ಸಿ' ಹಾಳೆ ನೋಡಿ ಹತ್ತಿ ಕಾಗದಕ್ಕೆ ಬಣ್ಣ ಹೇಳಿದರೆ ಖಂಡಿತ ಮಂಕಾಗುತ್ತದೆ.

ಅದೇ ಕಾಗದದ ಮೇಲೆ, ಅದೇ ಮಷಿನ್‌ನಲ್ಲಿ ಪ್ರೂಫ್ (ಮಾದರಿ ಪ್ರತಿ) ತೆಗೆಸಲು ಬೇರೆ ದುಡ್ಡು ಕೊಟ್ಟೆ. ದಂಡ ಎಂದವರಿದ್ದಾರೆ. ಒಟ್ಟು ಖರ್ಚನ್ನು ನೂರು ಎಂದಿಟ್ಟುಕೊಂಡರೆ ಪ್ರೂಫಿಗೆ ಮೂರೋ ನಾಲ್ಕೋ, ಡಿಸೈನ್‌ಗೆ 25, ಕಾಗದ ಮತ್ತು ಲಕೋಟೆಗೆ 30, ಪ್ಲೇಟು ಮತ್ತು ಮುದ್ರಣಕ್ಕೆ 35ರ ಹತ್ತಿರ, ಉಳಿದದ್ದು ಅಂಚೆಗೆ. ಕೊನೆಗೆ ತಪ್ಪು ಕಂಡೋ, ಹತ್ತಿಪ್ಪತ್ತು ಕಡಿಮೆ ಬಿದ್ದೋ ಮತ್ತೆ ಮಷಿನ್ ಸಜ್ಜು ಮಾಡಿಸಿದರೆ ಆಗುವ ಖರ್ಚಿನ ಮುಂದೆ ಪ್ರೂಫಿನ ದುಡ್ಡು ಏನೂ ಅಲ್ಲ. ಎಣಿಕೆಯನ್ನು ತಲೆ ಲೆಕ್ಕದಲ್ಲಿ ಹಾಕಬೇಡಿ, ಮನೆ ಲೆಕ್ಕದಲ್ಲಿ ಹಾಕಿ, ಅದರ ಮೇಲೆ ಹತ್ತು ಪರ್ಸೆಂಟ್ ಸೇರಿಸಿ.

ನಡುವೆ ಒಂದಷ್ಟು ಆಟವನ್ನೂ ಆಡಿದೆ. ಬೀಜ ಹುದುಗಿಸಿದ ಕಾಗದದ ಮೇಲೆ ಅಚ್ಚು ಹಾಕಿಸಿ ನೋಡಿದೆ, ಬೀಜ ಇದ್ದಲ್ಲೆಲ್ಲ ಅಕ್ಷರ ಕಿತ್ತುಬಂತು, ಅಲ್ಲಿಗೇ ಬಿಟ್ಟೆ. ಅರೆಪಾರದರ್ಶಕ ಕಾಗದ ಸುತ್ತಿದರೆ ಮೊದಲ ದಿನ ಚೆಂದ, ತೇವದ ಗಾಳಿಗೆ ಸುರುಳಿಯಾಗುತ್ತದೆ. ಗೆದ್ದದ್ದು ಅಂಚಿನ ಬಣ್ಣ. ಕತ್ತರಿಸಿದ ಕಾರ್ಡುಗಳನ್ನು ಎರಡು ಹಲಗೆಗಳ ನಡುವೆ ಬಿಗಿದು, ಸ್ಪಂಜನ್ನು ಬಣ್ಣದಲ್ಲಿ ಅದ್ದಿ ಚೆನ್ನಾಗಿ ಹಿಂಡಿ, ಒಂದೇ ದಿಕ್ಕಿಗೆ ಒತ್ತುತ್ತಾ ಹೋಗಬೇಕು. ಬಿಗಿ ಸ್ವಲ್ಪ ಸಡಿಲವಾದರೂ ಬಣ್ಣ ಒಳಗೆ ನುಗ್ಗುತ್ತದೆ. 600ರ ದಪ್ಪಕ್ಕೆ ಆ ಕೆಂಪಂಚು ಕಂಡ ಪ್ರೆಸ್ಸಿನವರೇ ಒಂದು ಕಾರ್ಡು ಕೇಳಿ ಇಟ್ಟುಕೊಂಡರು.

ವಿವರದ ಚೀಟಿಯನ್ನು ಮಾತ್ರ ಬೇಕೆಂದೇ ಅಚ್ಚಿನಿಂದ ಹೊರಗಿಟ್ಟು, ತೆಳು ಕಾಗದದಲ್ಲಿ ಪ್ಲೇಟ್ ಬೇಡದ ಡಿಜಿಟಲ್ ಮುದ್ರಣ ಮಾಡಿಸಿದ್ದೆ. ಆಹ್ವಾನದಲ್ಲಿ ಹೆಸರು, ದಿನಾಂಕ, ಸ್ಥಳ ಅಷ್ಟೇ. ಸಮಯ, ದಾರಿ, ವಸತಿ, ಫೋನ್ ಎಲ್ಲ ಚೀಟಿಯಲ್ಲಿ. "ಒಂದು ಸೆಟ್‌ನಲ್ಲಿ ಎರಡು ಥರ ಮುದ್ರಣ ಹೊಂದೋದಿಲ್ಲ" ಎಂದು ಡಿಸೈನರ್ ಬಲವಾಗಿ ವಾದಿಸಿದ್ದರು. ಕಾರ್ಡುಗಳು ಬಂದು ಬಂಡಲ್ ಕಟ್ಟಿದ ಮೇಲೆ ಸಮಯ ಬದಲಾಯಿತು. ಚೀಟಿ ಅರ್ಧ ದಿನದಲ್ಲಿ ಮತ್ತೆ ಮುದ್ರಣವಾಗಿ ಬಂತು, ಖರ್ಚು ನೂರರಲ್ಲಿ ಒಂದೂ ಆಗಲಿಲ್ಲ. ಮುಂದಿನ ಪತ್ರಿಕೆಗೆ ಆಕೆ ಚೀಟಿಯನ್ನು ತಾವೇ ಬೇರೆ ಮಾಡಿಟ್ಟಿದ್ದಾರೆ, ಲಕೋಟೆ ಯಾವುದು ಕೊಂಡಿರಿ ಎಂದು ಮೊದಲು ಕೇಳಿದವರೂ ಅವರೇ.