ಕನ್ನಡದಲ್ಲಿ ಲೇಖನ ಬರೆದು ಇಂಟರ್ನೆಟ್ ಮಾರ್ಕೆಟಿಂಗ್: ಶುರು ಮಾಡುವವರಿಗೆ

ಒಂದು ವಸ್ತು ಕೊಳ್ಳುವ ಮುಂಚೆ ಜನ ಗೂಗಲ್‌ನಲ್ಲಿ ಏನೋ ಕೇಳುತ್ತಾರೆ. ಆ ಪ್ರಶ್ನೆಗೆ ಸರಿಯಾದ ಉತ್ತರ ಬರೆದು, ಜೊತೆಗೆ ವಸ್ತುವಿನ ಲಿಂಕ್ ಕೊಟ್ಟು, ಅದರ ಮೂಲಕ ಮಾರಾಟವಾದರೆ ಕಮಿಷನ್ ಪಡೆಯುವುದು. ಅಫಿಲಿಯೇಟ್ ಮಾರ್ಕೆಟಿಂಗ್ ಅಂದರೆ ಇಷ್ಟೇ. ಬಂಡವಾಳ ಕಡಿಮೆ, ಆದರೆ ದುಡ್ಡು ಕಾಣಲು ತಿಂಗಳುಗಳು ಬೇಕು. ಮುಂದಿನ ವಾರದ ಖರ್ಚಿಗೆ ಇದನ್ನು ನಂಬಬೇಡಿ.

ಮೊದಲು ಹಳೆಯ ಸಲಹೆಯೊಂದನ್ನು ಪಕ್ಕಕ್ಕಿಡಿ. ಒಂದೇ ಲೇಖನವನ್ನು ಹತ್ತಾರು ಆರ್ಟಿಕಲ್ ಡೈರೆಕ್ಟರಿಗಳಿಗೆ (ಯಾರು ಬೇಕಾದರೂ ಲೇಖನ ಹಾಕಬಹುದಾದ ತಾಣಗಳಿಗೆ) ಹಾಕಿ ಅಲ್ಲಿಂದ ಓದುಗರನ್ನು ಎಳೆಯುವ ಪದ್ಧತಿ ಒಂದು ಕಾಲಕ್ಕೆ ಜೋರಾಗಿತ್ತು. 2011ರ ಫೆಬ್ರವರಿಯಲ್ಲಿ ಗೂಗಲ್ ತನ್ನ ಹುಡುಕಾಟದ ಲೆಕ್ಕಾಚಾರದಲ್ಲಿ ತಂದ ಪಾಂಡಾ ಎಂಬ ಬದಲಾವಣೆ ಅಂಥ ತಾಣಗಳನ್ನು ಹುಡುಕಾಟದಲ್ಲಿ ಕೆಳಕ್ಕೆ ತಳ್ಳಿತು. 2024ರ ಮಾರ್ಚ್‌ನಲ್ಲಿ ಬಂದ ಗೂಗಲ್‌ನ ಸ್ಪ್ಯಾಮ್ ನಿಯಮಗಳು, ಹುಡುಕಾಟದಲ್ಲಿ ಮೇಲೆ ಬರಲೆಂದೇ ರಾಶಿಗಟ್ಟಲೆ ಪುಟ ಹುಟ್ಟಿಸುವುದನ್ನು ನೇರವಾಗಿ ಹೆಸರಿಸಿವೆ, ಅದನ್ನು ಮನುಷ್ಯ ಮಾಡಿದರೂ ಯಂತ್ರ ಮಾಡಿದರೂ. ಹಾಗಾಗಿ ನಿಮ್ಮದೇ ಒಂದು ತಾಣ ಇರಲಿ, ಶುರುವಿಗೆ ಹತ್ತು ಹನ್ನೆರಡು ಗಟ್ಟಿ ಲೇಖನ ಸಾಕು.

ವಿಷಯ ಆರಿಸುವುದು

"ಆರೋಗ್ಯ", "ತಂತ್ರಜ್ಞಾನ", "ಅಡುಗೆ" ಇವೆಲ್ಲ ತೀರಾ ದೊಡ್ಡವು. ವೆಟ್ ಗ್ರೈಂಡರ್, ಟೆರೇಸ್ ತೋಟದ ಸಾಮಾನು, ಮನೆಗೆ ಬೇಕಾದ ಯುಪಿಎಸ್, ಹೊಲಿಗೆ ಯಂತ್ರ, ಹೀಗೆ ಒಂದು ಕಪಾಟಿನಷ್ಟು ಚಿಕ್ಕ ವಿಷಯ ಹಿಡಿಯಿರಿ. ಆ ವಸ್ತುವನ್ನು ನೀವು ಬಳಸಿರಬೇಕು, ಇಲ್ಲವೇ ಬಳಸುವವರ ಮನೆಗೆ ಹೋಗಿ ನೋಡಿ ಬರುವಂತಿರಬೇಕು.

ಗ್ರೈಂಡರನ್ನೇ ತೆಗೆದುಕೊಳ್ಳೋಣ. "ಗ್ರೈಂಡರ್ ಎಂದರೇನು" ಎಂದು ಹುಡುಕುವವರು ಕೊಳ್ಳುವವರಲ್ಲ. "ಇಡ್ಲಿ ಹಿಟ್ಟಿಗೆ ಮಿಕ್ಸಿ ಸಾಕಾ, ಗ್ರೈಂಡರ್ ಬೇಕಾ", "ನಾಲ್ಕು ಜನರಿಗೆ ಎಷ್ಟು ಲೀಟರ್ ಗ್ರೈಂಡರ್" ಎಂದು ಕೇಳುವವರ ಕೈ ಆಗಲೇ ಜೇಬಿನ ಹತ್ತಿರ ಇರುತ್ತದೆ. ಲೇಖನ ಬೇಕಿರುವುದು ಇವರಿಗೆ.

ಇಂಥ ಪ್ರಶ್ನೆಗಳು ಸಿಗುವ ಜಾಗ: ಗೂಗಲ್ ಹುಡುಕಾಟದ ಪೆಟ್ಟಿಗೆಯಲ್ಲಿ ಅರ್ಧ ಟೈಪ್ ಮಾಡಿ ನಿಲ್ಲಿಸಿದಾಗ ಇಳಿಯುವ ಪಟ್ಟಿ, ಯೂಟ್ಯೂಬ್‌ನ ಅದೇ ಬಗೆಯ ಪಟ್ಟಿ, ಶಾಪಿಂಗ್ ತಾಣಗಳಲ್ಲಿ ಗಿರಾಕಿಗಳು ಕೇಳಿರುವ ಪ್ರಶ್ನೆಗಳು. ಯಾವ ಪದವನ್ನು ಎಷ್ಟು ಹುಡುಕುತ್ತಾರೆ ಎಂದು ತೋರಿಸುವ ಗೂಗಲ್ ಟ್ರೆಂಡ್ಸ್‌ನಲ್ಲಿ ಕರ್ನಾಟಕವನ್ನಷ್ಟೇ ಆರಿಸಿ ನೋಡಬಹುದು. ನಮ್ಮವರು ಕನ್ನಡ ಲಿಪಿಯಲ್ಲೂ ಹುಡುಕುತ್ತಾರೆ, ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದೂ ಹುಡುಕುತ್ತಾರೆ. ಎರಡೂ ರೀತಿಯಲ್ಲಿ ಟೈಪ್ ಮಾಡಿ ಇಪ್ಪತ್ತು ಪ್ರಶ್ನೆ ಬರೆದಿಟ್ಟುಕೊಳ್ಳಿ. ಒಂದು ಪ್ರಶ್ನೆಗೆ ಒಂದು ಲೇಖನ.

ತಾಣ ಮತ್ತು ಕನ್ನಡದ ತೊಡಕುಗಳು

ಗೂಗಲ್‌ನ ಬ್ಲಾಗ್ ಸೇವೆಯಾದ ಬ್ಲಾಗರ್‌ನಲ್ಲಿ ದುಡ್ಡಿಲ್ಲದೆ ಶುರು ಮಾಡಬಹುದು. ತಾಣ ಕಟ್ಟುವ ತಂತ್ರಾಂಶವಾದ ವರ್ಡ್‌ಪ್ರೆಸ್ ಬೇಕಿದ್ದರೆ ಡೊಮೇನ್ (ತಾಣದ ಹೆಸರು) ಮತ್ತು ಹೋಸ್ಟಿಂಗ್ (ತಾಣವನ್ನು ಇಡುವ ಜಾಗ) ಖರ್ಚು ಇದೆ. ಮೊದಲ ವರ್ಷದ ರಿಯಾಯಿತಿ ನೋಡಿ ಮರುಳಾಗದೆ, ಎರಡನೇ ವರ್ಷದ ನವೀಕರಣ ದರ ಎಷ್ಟೆಂದು ಕೊಳ್ಳುವಾಗಲೇ ನೋಡಿ.

ಲೇಖನದ ವೆಬ್ ವಿಳಾಸದ ವಿಷಯದಲ್ಲಿ ಕನ್ನಡದವರು ಬಹಳ ಸಲ ಎಡವುತ್ತಾರೆ. ಶೀರ್ಷಿಕೆ ಪೂರ್ತಿ ಕನ್ನಡದಲ್ಲಿದ್ದರೆ ಬ್ಲಾಗರ್ ಅದರಿಂದ ವಿಳಾಸ ಕಟ್ಟಲಾರದೆ "ಬ್ಲಾಗ್-ಪೋಸ್ಟ್" ಎಂಬ ಅರ್ಥವಿಲ್ಲದ ಹೆಸರು ಕೊಟ್ಟುಬಿಡುತ್ತದೆ. ಪ್ರಕಟಿಸುವ ಮುಂಚೆ ಬಲಬದಿಯ ಪರ್ಮಾಲಿಂಕ್ (ಲೇಖನದ ಕಾಯಂ ವಿಳಾಸ) ಜಾಗದಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಮೂರು ನಾಲ್ಕು ಪದ ನೀವೇ ಬರೆಯಿರಿ. ವರ್ಡ್‌ಪ್ರೆಸ್ ಕನ್ನಡವನ್ನು ಒಪ್ಪುತ್ತದೆ, ಆದರೆ ಒಂದೊಂದು ಕನ್ನಡ ಚಿಹ್ನೆಯೂ ಒಳಗೆ 9 ಅಕ್ಷರಗಳ ಸಂಕೇತವಾಗುತ್ತದೆ. ಮಿತಿ 200 ಇರುವುದರಿಂದ ಸುಮಾರು 22 ಚಿಹ್ನೆಗೆ ವಿಳಾಸ ತುಂಡಾಗುತ್ತದೆ. ಒತ್ತು, ಕಾಗುಣಿತದ ಗುರುತು ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಅದನ್ನು ವಾಟ್ಸಾಪ್‌ನಲ್ಲಿ ಹಂಚಿದರೆ ಶೇಕಡಾ ಚಿಹ್ನೆಗಳ ಉದ್ದ ಸಾಲು ಕಂಡು, ಒತ್ತಲು ಜನ ಹೆದರುತ್ತಾರೆ.

ನುಡಿ ಅಥವಾ ಬರಹದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಹಾಗೇ ಅಂಟಿಸಿದರೆ ತೆರೆಯ ಮೇಲೆ ಗೀಚು ಕಾಣುತ್ತದೆ. ಗೂಗಲ್‌ಗೂ ಅದು ಕನ್ನಡವಲ್ಲ. ಎಲ್ಲ ಕಂಪ್ಯೂಟರ್, ಮೊಬೈಲ್‌ಗಳೂ ಓದುವ ಯೂನಿಕೋಡ್‌ಗೆ ಪರಿವರ್ತಿಸಿ, ಆಮೇಲೆ ಒಮ್ಮೆ ಕಣ್ಣಾಡಿಸಿ, ಏಕೆಂದರೆ ಅರ್ಕಾವೊತ್ತು ಮತ್ತು ಒತ್ತಕ್ಷರಗಳು ಪರಿವರ್ತನೆಯಲ್ಲಿ ಆಚೀಚೆ ಆಗುತ್ತವೆ. ಒಂದೇ ಪದಕ್ಕೆ ಹಲವು ರೂಪವಿದ್ದರೆ (ಆ್ಯಪ್, ಆಪ್, ಮಿಕ್ಸಿ, ಮಿಕ್ಸರ್) ಜನ ಹೆಚ್ಚು ಬಳಸುವುದನ್ನು ಶೀರ್ಷಿಕೆಯಲ್ಲಿಟ್ಟು, ಇನ್ನೊಂದನ್ನು ಒಳಗೆ ಒಮ್ಮೆ ಸಹಜವಾಗಿ ತನ್ನಿ.

ಲೇಖನ ಬರೆಯುವುದು

ಉತ್ತರ ಮೊದಲ ಎರಡು ಮೂರು ಸಾಲಿನಲ್ಲೇ ಬರಬೇಕು. "ಇಂದಿನ ಆಧುನಿಕ ಯುಗದಲ್ಲಿ" ಎಂದು ಶುರುವಾದರೆ ಓದುಗ ಹಿಂದಕ್ಕೆ ಹೋಗುತ್ತಾನೆ, ಹೋಗಲೂಬೇಕು. ಗ್ರೈಂಡರ್ ಲೇಖನ ಹೀಗೆ ಶುರುವಾಗಲಿ: "ವಾರಕ್ಕೊಮ್ಮೆ ಇಬ್ಬರಿಗೆ ಇಡ್ಲಿಯಾದರೆ ಮಿಕ್ಸಿ ಸಾಕು, ನಾಲ್ಕು ಜನರಿಗೆ ವಾರಕ್ಕೆರಡು ಸಲ ಹಿಟ್ಟು ಬೇಕಾದರೆ 2 ಲೀಟರಿನ ಗ್ರೈಂಡರ್ ಕೊಳ್ಳಿ."

ಆಮೇಲೆ ಕಾರಣ. ಮಿಕ್ಸಿಯ ಬ್ಲೇಡು ಜೋರಾಗಿ ತಿರುಗಿ ಹಿಟ್ಟು ಬಿಸಿಯಾಗುತ್ತದೆ, ತಣ್ಣೀರು ಹಾಕಿ ಸ್ವಲ್ಪ ಸ್ವಲ್ಪವಾಗಿ ರುಬ್ಬಬೇಕು. ಕಲ್ಲು ನಿಧಾನವಾಗಿ ತಿರುಗುವುದರಿಂದ ಉದ್ದು ಚೆನ್ನಾಗಿ ಉಬ್ಬುತ್ತದೆ. ಕರೆಂಟಿನ ಲೆಕ್ಕವನ್ನೂ ಕೊಡಿ: 150 ವ್ಯಾಟಿನ ಗ್ರೈಂಡರ್ ಅರ್ಧ ಗಂಟೆ ಓಡಿದರೆ 0.075 ಯೂನಿಟ್, 750 ವ್ಯಾಟಿನ ಮಿಕ್ಸಿ 5 ನಿಮಿಷಕ್ಕೆ 0.0625 ಯೂನಿಟ್. ಹೆಚ್ಚು ಕಡಿಮೆ ಒಂದೇ. ವಸ್ತುವಿನ ದೋಷವನ್ನೂ ಬರೆಯಿರಿ: ತೂಕ, ತೊಳೆಯುವ ಕಷ್ಟ, ಕಟ್ಟೆಯ ಮೇಲೆ ಹಿಡಿಯುವ ಜಾಗ. ದೋಷ ಹೇಳದ ಲೇಖನವನ್ನು ಯಾರೂ ನಂಬುವುದಿಲ್ಲ, ನಂಬದವರು ಲಿಂಕ್ ಒತ್ತುವುದಿಲ್ಲ.

ಉದ್ದ 700ರಿಂದ 1,000 ಪದ ಸಾಕು. ಕಂಪನಿಯ ಫೋಟೊ ಎತ್ತಿ ಹಾಕಬೇಡಿ, ಮೊಬೈಲಿನಲ್ಲಿ ನೀವೇ ತೆಗೆದ ನಾಲ್ಕು ಚಿತ್ರ ಅದಕ್ಕಿಂತ ಮೇಲು. ಇಂಗ್ಲಿಷ್ ಪುಟವನ್ನು ಯಂತ್ರಕ್ಕೆ ಕೊಟ್ಟು ಕನ್ನಡ ಮಾಡಿಸಿದರೆ ಮೂರನೇ ಸಾಲಿಗೇ ಗೊತ್ತಾಗುತ್ತದೆ.

ಲಿಂಕ್, ಕಮಿಷನ್, ಕಾನೂನು

ಅಮೆಜಾನ್‌ನ ಅಫಿಲಿಯೇಟ್ ಯೋಜನೆಯಾದ ಅಮೆಜಾನ್ ಅಸೋಸಿಯೇಟ್ಸ್‌ಗೆ ಮೊದಲ ದಿನವೇ ಅರ್ಜಿ ಹಾಕುವುದು ಅವಸರ. ಸೇರಿದ 180 ದಿನದೊಳಗೆ ಕನಿಷ್ಠ 3 ಅರ್ಹ ಮಾರಾಟ ಆಗದಿದ್ದರೆ ಖಾತೆ ಮುಚ್ಚುತ್ತದೆ. ಲೇಖನಗಳಿಗೆ ಓದುಗರು ಬರಲು ಶುರುವಾದ ಮೇಲೆ ಸೇರಿ. ನಿಮ್ಮ ಲಿಂಕ್‌ನಿಂದ ನೀವೇ ಕೊಂಡರೆ ಕಮಿಷನ್ ಇಲ್ಲ. ಬೆಲೆಯನ್ನು ಕೈಯಾರೆ ಬರೆಯಬೇಡಿ: ಅದು ದಿನಕ್ಕೊಂದು ಥರ, ನಿಯಮವೂ ಒಪ್ಪುವುದಿಲ್ಲ. ವಾಟ್ಸಾಪ್ ಗುಂಪುಗಳಿಗೆ ವಸ್ತುವಿನ ಲಿಂಕ್ ಎಸೆಯುವ ಬದಲು ಲೇಖನದ ಲಿಂಕ್ ಕಳಿಸಿ.

ಆದಾಯದ ಲೆಕ್ಕ ಹೀಗೆ ಹಾಕಿ ನೋಡಿ. 4,000 ರೂಪಾಯಿಯ ವಸ್ತು, ಶೇ 4 ಕಮಿಷನ್ ಎಂದಿಟ್ಟುಕೊಂಡರೆ ಒಂದು ಮಾರಾಟಕ್ಕೆ 160 ರೂಪಾಯಿ. ವರ್ಗದಿಂದ ವರ್ಗಕ್ಕೆ ದರ ಬೇರೆ, ಆಗಾಗ ಬದಲಾಗುತ್ತದೆ, ಆದ್ದರಿಂದ ವಿಷಯ ಆರಿಸುವ ಮುಂಚೆ ದರಪಟ್ಟಿ ನೋಡಿ.

ಕಮಿಷನ್ ಸಿಗುತ್ತದೆ ಎಂಬುದನ್ನು ಓದುಗರಿಗೆ ಹೇಳಲೇಬೇಕು. 2023ರ ಜನವರಿಯಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ ಹೊರಡಿಸಿದ ಮಾರ್ಗಸೂಚಿ ಪ್ರಕಾರ, ಶಿಫಾರಸು ಯಾವ ಭಾಷೆಯಲ್ಲಿದೆಯೋ ಆ ಭಾಷೆಯಲ್ಲೇ ಈ ಮಾತೂ ಇರಬೇಕು. ಕನ್ನಡ ಲೇಖನದ ಬುಡದಲ್ಲಿ ಸಣ್ಣ ಇಂಗ್ಲಿಷ್ ಸಾಲು ಹಾಕಿ ಕೈತೊಳೆದುಕೊಳ್ಳುವಂತಿಲ್ಲ. ಮೊದಲ ಲಿಂಕ್‌ಗಿಂತ ಮೇಲೆ "ಈ ಲಿಂಕ್ ಮೂಲಕ ಕೊಂಡರೆ ನಮಗೆ ಕಮಿಷನ್ ಸಿಗುತ್ತದೆ" ಎಂದು ಬರೆಯಿರಿ. ದಾರಿ ತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಮೊದಲ ಸಲಕ್ಕೇ 10 ಲಕ್ಷ ರೂಪಾಯಿವರೆಗೆ ದಂಡವಿದೆ. ಗೂಗಲ್‌ಗೂ ತಿಳಿಯುವಂತೆ ಇಂಥ ಲಿಂಕ್‌ಗಳಿಗೆ "ಸ್ಪಾನ್ಸರ್ಡ್" ಗುರುತು ಹಾಕಿ. ಲಿಂಕ್ ಸೇರಿಸುವಾಗ ಆ ಆಯ್ಕೆ ಸಿಗದಿದ್ದರೆ ಎಚ್‌ಟಿಎಂಎಲ್‌ನಲ್ಲಿ (ಪುಟದ ಹಿಂದಿನ ಕೋಡ್‌ನಲ್ಲಿ) ಹಾಕಬಹುದು.

ಆ್ಯಡ್‌ಸೆನ್ಸ್ ಜಾಹೀರಾತು, ಅಂದರೆ ನಿಮ್ಮ ತಾಣದಲ್ಲಿ ಗೂಗಲ್ ತೋರಿಸಿ ದುಡ್ಡು ಕೊಡುವ ಜಾಹೀರಾತು, ಎರಡನೇ ದಾರಿ. ಕನ್ನಡ ಪುಟಗಳ ದರ ಇಂಗ್ಲಿಷಿಗಿಂತ ಸಾಮಾನ್ಯವಾಗಿ ಕಡಿಮೆ. ಗಳಿಕೆ 10 ಡಾಲರ್ ಮುಟ್ಟಿದಾಗ ವಿಳಾಸ ಖಚಿತಪಡಿಸಲು ಅಂಚೆಯಲ್ಲಿ ಪಿನ್ ಬರುತ್ತದೆ, 100 ಡಾಲರ್ ದಾಟಿದ ಮೇಲೆ ಹಣ. ಹಳ್ಳಿಯ ವಿಳಾಸವಾದರೆ ಅಂಚೆಯಣ್ಣನಿಗೆ ಅರ್ಥವಾಗುವಂತೆ ಬರೆದಿರಿ. ನಿಮ್ಮ ಜಾಹೀರಾತನ್ನು ನೀವು, ನಿಮ್ಮವರು ಒತ್ತಿದರೆ ಖಾತೆ ಹೋಗುತ್ತದೆ.

ಪ್ರಕಟಿಸಿದ ಮೇಲೆ

ಮೊದಲ ದಿನವೇ ತಾಣವನ್ನು ಸರ್ಚ್ ಕನ್ಸೋಲ್‌ಗೆ ಸೇರಿಸಿ; ಯಾವ ಪದಕ್ಕೆ ನಿಮ್ಮ ಪುಟ ಹುಡುಕಾಟದಲ್ಲಿ ಎಷ್ಟನೇ ಸ್ಥಾನದಲ್ಲಿ ಬರುತ್ತದೆ ಎಂದು ತೋರಿಸುವ ಗೂಗಲ್‌ನ ಉಚಿತ ಸಾಧನ ಇದು. ಮೂರು ತಿಂಗಳಾದ ಮೇಲೆ ಅಲ್ಲಿನ ಪದಗಳ ಪಟ್ಟಿ ತೆಗೆದು, ಸರಾಸರಿ ಸ್ಥಾನ 8ರಿಂದ 20ರ ನಡುವೆ ಇರುವವನ್ನು ನೋಡಿ. ಜನ ಆ ಪದ ಹಾಕಿ ಕೇಳುತ್ತಿದ್ದಾರೆ, ನಿಮ್ಮ ಪುಟ ತುಸು ಕೆಳಗಿದೆ ಎಂದರ್ಥ. ಹೊಸ ಲೇಖನಕ್ಕಿಂತ ಮುಂಚೆ ಇವನ್ನೇ ತಿದ್ದಿ: ಬಿಟ್ಟುಹೋದ ಉಪಪ್ರಶ್ನೆಗೆ ಉತ್ತರ ಸೇರಿಸಿ, ಶೀರ್ಷಿಕೆಯ ಮುಖ್ಯ ಪದವನ್ನು ಮುಂದಕ್ಕೆ ತನ್ನಿ (ಕನ್ನಡ ಅಕ್ಷರ ಅಗಲ, ಉದ್ದ ಶೀರ್ಷಿಕೆಯ ಬಾಲ ಹುಡುಕಾಟದಲ್ಲಿ ಕತ್ತರಿಸಿಹೋಗುತ್ತದೆ), ನಿಮ್ಮ ಬೇರೆ ಲೇಖನಗಳಿಂದ ಅಲ್ಲಿಗೆ ಲಿಂಕ್ ಕೊಡಿ. ಎರಡು ತಿಂಗಳಿಗೊಮ್ಮೆ ವಸ್ತುಗಳ ಲಿಂಕ್‌ಗಳನ್ನೆಲ್ಲ ಒಂದೊಂದಾಗಿ ಒತ್ತಿ ನೋಡಿ. ಮಾರುಕಟ್ಟೆಯಿಂದ ಹೋದ ಮಾಡೆಲ್‌ಗಳ ಜಾಗಕ್ಕೆ ಹೊಸದನ್ನು ಹಾಕುವಾಗ, ಅದಕ್ಕೆ ಹೊಂದದ ಹಳೆಯ ವಾಕ್ಯಗಳನ್ನೂ ಅಳಿಸಿ.