ಕಿರುಚೋ ಎರರ್, ಸುಮ್ನ ಕುಂದ್ರೋ ಎರರ್: ಪಿಎಚ್‌ಪಿ ಮೈಎಸ್‌ಕ್ಯೂಎಲ್ ಸೈಟ್ ಕೆಟ್ರ ಎಲ್ಲಿಂದ ಹುಡುಕೋದು

ಗಂಗಾವತಿ ರೈಸ್ ಮಿಲ್ಲಿನ ಸ್ಟಾಕ್ ಸಾಫ್ಟ್‌ವೇರ್ ಇರ್ಲಿ, ಬಳ್ಳಾರಿ ಜೀನ್ಸ್ ಹೊಲಿಯೋರ ಆರ್ಡರ್ ಸೈಟ್ ಇರ್ಲಿ, ರಾಯಚೂರಿನ ಕೋಚಿಂಗ್ ಸೆಂಟರಿನ ಫೀಸ್ ಲೆಕ್ಕ ಇರ್ಲಿ, ನಮ್ಮ ಕಡಿ ಹುಡುಗ್ರು ಕಟ್ಟೋದು ಬಹುತೇಕ ಒಂದ ನಮೂನಿ: ಸೈಟ್ ಬರಿಯಾಕ ಪಿಎಚ್‌ಪಿ ಭಾಷಾ, ಡೇಟಾ ಇಡಾಕ ಮೈಎಸ್‌ಕ್ಯೂಎಲ್ ಡೇಟಾಬೇಸ್, ಮನ್ಯಾಗ ವಿಂಡೋಸ್ ಮ್ಯಾಲ ಝ್ಯಾಂಪ್ (ಇವೆರಡೂ ಒಟ್ಟಿಗೆ ಬರೋ ಪ್ಯಾಕೇಜು) ಹಾಕ್ಕೊಂಡು ಬರಿಯೋದು, ಆಮ್ಯಾಲ ಕಡಿಮಿ ರೇಟಿನ ಶೇರ್ಡ್ ಹೋಸ್ಟಿಂಗಿಗೆ (ಭಾಳ ಮಂದಿ ಸೈಟ್ ಒಂದ ಸರ್ವರಿನ್ಯಾಗ ಇರೋದು) ಏರ್ಸೋದು. ಕೆಟ್ಟಾಗ ಮಾಲಕ್ರ ಫೋನ್ ಬರ್ತೈತಿ, "ಸೈಟ್ ಓಪನ್ ಆಗವಲ್ದು ನೋಡಪಾ" ಅಂತ. ಆ ಹೊತ್ತಿನ್ಯಾಗ ಕೈ ಎಲ್ಲಿ ಹಾಕ್ಬೇಕು ಅನ್ನೋದಕ್ಕ ಇದು.

ಎರರ್‌ನಾಗ ಎರಡು ಜಾತಿ ಅದಾವ್ರಿ. ಒಂದು ಕಿರುಚೋದು, ಪೇಜ್ ಬಿಳೀ ಆಗ್ತೈತಿ, 500 ಅಂತ ಬರ್ತೈತಿ, ಡೇಟಾಬೇಸ್ ಕನೆಕ್ಟ್ ಆಗಂಗಿಲ್ಲ. ಇನ್ನೊಂದು ಸುಮ್ನ ಕುಂದ್ರೋದು, ಸೈಟ್ ಚೊಲೋ ನಡದಿರ್ತೈತಿ, ಒಳಗ ಡೇಟಾ ಮಾತ್ರ ದಿನಾ ಒಂದೀಟು ಕೆಡತಿರ್ತೈತಿ. ಎಲ್ಲಾರೂ ಅಂಜೋದು ಮೊದಲನೇದಕ್ಕ, ನನ್ನ ಕೇಳಿದ್ರ ಅಂಜಬೇಕಾದ್ದು ಎರಡನೇದಕ್ಕ, ಯಾಕಂದ್ರ ಮೊದಲನೇದು ತನ್ನ ಹೆಸರು ವಿಳಾಸ ತಾನ ಹೇಳ್ತೈತಿ, ಎರಡನೇದು ಆಡಿಟ್ ಟೈಮಿಗೆ ಸಿಗ್ತೈತಿ.

ಕಿರುಚೋದನ್ನ ಲಗೂನ ಮುಗಿಸೋಣು

ಪೇಜ್ ಬಿಳೀ ಬಂದ್ರ ಕೋಡ್ ತಿದ್ದಾಕ ಕುಂದ್ರಬ್ಯಾಡ್ರಿ, ಮೊದ್ಲ ಲಾಗ್ (ಸರ್ವರ್ ತನ್ನ ಎರರ್ ಬರದಿಡೋ ಫೈಲ್) ತಗೀರಿ. ಲೈವ್ ಸರ್ವರಿನ್ಯಾಗ ಡಿಸ್‌ಪ್ಲೇ ಎರರ್ಸ್ ಆಫ್ ಇರ್ತೈತಿ, ಇರಬೇಕೂ ಸೈತ, ಅದಕ ಪರದಿ ಮ್ಯಾಲ ಏನೂ ಕಾಣಂಗಿಲ್ಲ. ಹೋಸ್ಟಿಂಗ್ ನಡಸೋ ಸಿಪ್ಯಾನೆಲ್ ಪುಟ ಇದ್ರ ಬಹುತೇಕ ನಿಮ್ಮ ಸೈಟಿನ ಫೋಲ್ಡರಿನ್ಯಾಗ ಎರರ್ ಲಾಗ್ ಅಂತ ಫೈಲ್ ಬಿದ್ದಿರ್ತೈತಿ, ಸ್ವಂತ ಉಬುಂಟು ಸರ್ವರ್ ಆದ್ರ ವಾರ್ ಫೋಲ್ಡರ್, ಅದರೊಳಗ ಲಾಗ್, ಅದರೊಳಗ ನಿಮ್ಮ ವೆಬ್ ಸರ್ವರಿನ ಹೆಸರಿನ ಅಪಾಚೆ2 ಅಥವಾ ಎಂಜಿನೆಕ್ಸ್ ಫೋಲ್ಡರಿನ್ಯಾಗ. ಕೊನೀ ಸಾಲಿನ್ಯಾಗ ಫೈಲ್ ಹೆಸರು, ಲೈನ್ ನಂಬರ್ ಎರಡೂ ಇರ್ತಾವ. ಲಾಗ್ ಓದ್ಲಾರ್ದ ಎರರ್ ಮೆಸೇಜನ್ನ ಅರ್ಧಾ ಕಾಪಿ ಮಾಡಿ ವಾಟ್ಸಾಪ್ ಗ್ರೂಪಿಗೆ ಹಾಕಿ "ಅಣ್ಣಾ ಹೆಲ್ಪ್ ಮಾಡ್ರಿ" ಅನ್ನೋರು ಭಾಳ ಮಂದಿ, ಉಳದ ಅರ್ಧದಾಗ ಉತ್ತರ ಇರ್ತೈತಿ.

ನಂಬರ್ ನೋಡಿ ಸ್ವಲ್ಪ ಅಂದಾಜು ಮಾಡಬಹುದು. 500 ಅಂದ್ರ ನಿಮ್ಮ ಕೋಡು ಇಲ್ಲಾ ಎಚ್‌ಟಿಆಕ್ಸೆಸ್ ಅನ್ನೋ ಅಪಾಚೆ ಸೆಟ್ಟಿಂಗ್ ಫೈಲು. 502 ಅಂದ್ರ ಎಂಜಿನೆಕ್ಸ್ ಎದ್ದೈತಿ, ಹಿಂದ ಪಿಎಚ್‌ಪಿ ಓಡಿಸೋ ಪಿಎಚ್‌ಪಿ ಎಫ್‌ಪಿಎಂ ಮಲಗೇತಿ. 504 ಅಂದ್ರ ಪಿಎಚ್‌ಪಿ ಕೆಲಸ ಮಾಡ್ಲಿಕ್ಕತ್ತೈತಿ ಆದ್ರ ಉತ್ತರ ಕೊಡಾಕ ತಡ ಆತು, ಎಂಜಿನೆಕ್ಸ್ ತಾನಾಗಿ ಕಾಯೋದು 60 ಸೆಕೆಂಡ್ ಅಷ್ಟ. 504 ಬಂದಾಗ ಟೈಮ್‌ಔಟ್ ಹೆಚ್ಚು ಮಾಡೋದು ಎಲ್ಲಾರ ಮೊದಲ ಕೆಲಸ, ಮಾಡಬ್ಯಾಡ್ರಿ, ಅದು ಬಹುತೇಕ ಸ್ಲೋ ಕ್ವೆರಿಯ (ಡೇಟಾಬೇಸಿಗೆ ಕೇಳೋ ಪ್ರಶ್ನೆಯ) ರೋಗ, ಕೆಳಗ ಹೇಳ್ತೀನಿ.

ಡೇಟಾಬೇಸ್ ಎರರಿಗೂ ನಂಬರ್ ಅದಾವ. 1045 ಅಂದ್ರ ಯೂಸರ್ ಇಲ್ಲಾ ಪಾಸ್‌ವರ್ಡ್ ತಪ್ಪು. ಶೇರ್ಡ್ ಹೋಸ್ಟಿಂಗಿನ್ಯಾಗ ಯೂಸರ್ ಹೆಸರಿನ ಮುಂದ ಅಕೌಂಟ್ ಹೆಸರು ಅಂಟಿರ್ತೈತಿ, ಅದನ್ನ ಬಿಟ್ಟು ಬರೀ "ಅಡ್ಮಿನ್" ಅಂತ ಬರದ್ರ ಹೆಂಗ ಬಿಡ್ತೈತಿ. ಹೊಸ ಉಬುಂಟುದಾಗ ರೂಟ್ ಯೂಸರ್ ಪಾಸ್‌ವರ್ಡ್ ಮ್ಯಾಲ ಅಲ್ಲ, ಸಿಸ್ಟಮ್ಮಿನ ರೂಟ್ ಲಾಗಿನ್ ಮ್ಯಾಲ ಒಳಗ ಬಿಡ್ತೈತಿ, ಅದಕ ಪಿಎಚ್‌ಪಿಗೆ ಬ್ಯಾರೇ ಯೂಸರ್ ಮಾಡ್ರಿ, ರೂಟಿನ ಕೂಡ ಜಗಳ ಬ್ಯಾಡ. 2002 ಅಂದ್ರ ಮೈಎಸ್‌ಕ್ಯೂಎಲ್ ತನಕ ಹೋಗಾಕ ಆಗಿಲ್ಲ, ಸರ್ವಿಸ್ ನಿಂತಿರಬಹುದು, ಇಲ್ಲಾ ಲಿನಕ್ಸಿನ್ಯಾಗ ಲೋಕಲ್‌ಹೋಸ್ಟ್ ಅಂದ್ರ ಸಾಕೆಟ್ ಫೈಲ್ (ಒಂದ ಮಷೀನಿನೊಳಗಿನ ಕನೆಕ್ಷನ್ ಬಾಗಿಲು) ಹುಡುಕ್ತೈತಿ, 127.0.0.1 ಅಂದ್ರ ಪೋರ್ಟ್ 3306ಕ್ಕ ಹೋಗ್ತೈತಿ, ಎರಡನ್ನೂ ಬದಲಿಸಿ ಬದಲಿಸಿ ನೋಡ್ರಿ ಯಾವುದು ಮುರದೈತಿ ಗೊತ್ತಾಗ್ತೈತಿ. 1040 ಅಂದ್ರ ಕನೆಕ್ಷನ್ ತುಂಬ್ಯಾವ, ಮೈಎಸ್‌ಕ್ಯೂಎಲ್ ತಾನಾಗಿ ಬಿಡೋದು 151, ರಿಸಲ್ಟ್ ದಿನ ಎಲ್ಲಾರೂ ಒಮ್ಮೆ ಬಂದ್ರ ತುಂಬೋದು ಸಹಜ, ಆದ್ರ ದಿನಾ ತುಂಬಿದ್ರ ನಿಮ್ಮ ಕ್ವೆರಿಗಳು ಮುಗೀವಲ್ವು ಅಂತ ಅರ್ಥ.

1146 ಮನ್ಯಾಗ ಬರಂಗಿಲ್ಲ, ಹೋಸ್ಟಿಂಗಿನ್ಯಾಗ ಬರ್ತೈತಿ, ಹುಡುಗ್ರು ತಲಿ ಕೆಡಿಸ್ಕೊಳ್ಳೋದು ಇದಕ್ಕ. ಟೇಬಲ್ ಇಲ್ಲ ಅಂತೈತಿ, ನೋಡಿದ್ರ ಕಣ್ಣ ಮುಂದ ಐತಿ. ವಿಂಡೋಸಿನ್ಯಾಗ ಟೇಬಲ್ ಹೆಸರಿನ ದೊಡ್ಡಕ್ಷರ ಸಣ್ಣಕ್ಷರ ಎರಡೂ ಒಂದ, ಲಿನಕ್ಸಿನ್ಯಾಗ ಬ್ಯಾರೆ ಬ್ಯಾರೆ. ಕೋಡಿನ್ಯಾಗ ಮೊದಲಕ್ಷರ ದೊಡ್ಡದು ಹಾಕಿ "ಸ್ಟೂಡೆಂಟ್ಸ್" ಅಂತ ಬರದಿರ್ತೀರಿ, ವಿಂಡೋಸ್ ಅದನ್ನ ಪೂರಾ ಸಣ್ಣಕ್ಷರದಾಗ ಇಟ್ಟಿರ್ತೈತಿ, ಎಕ್ಸ್‌ಪೋರ್ಟ್ ಮಾಡಿ ಏರ್ಸಿದ್ರ ಅಲ್ಲಿ ಹೊಂದಂಗಿಲ್ಲ. ಎಲ್ಲಾ ಟೇಬಲ್ಲಿಗೂ, ಎಲ್ಲಾ ಫೈಲಿಗೂ ಸಣ್ಣಕ್ಷರ ಇಟ್ಟುಬಿಡ್ರಿ, ಮುಗೀತು.

ಹೆಡರ್ಸ್ ಆಲ್ರೆಡಿ ಸೆಂಟ್ ಅಂತ ಬಂದ್ರ ಪಿಎಚ್‌ಪಿ ಫೈಲ್ ಶುರು ಆಗೋಕಿಂತ ಮುಂಚೆ ಒಂದು ಸ್ಪೇಸೋ, ಖಾಲಿ ಸಾಲೋ, ನೋಟ್‌ಪ್ಯಾಡ್ ಫೈಲಿನ ಮೊದ್ಲಿಗೆ ಸೇರ್ಸಿದ ಕಾಣದ ಬಾಮ್ ಗುರುತೋ ಬಹುತೇಕ ಇರ್ತೈತಿ. ಎಡಿಟರಿನ್ಯಾಗ ಬಾಮ್ ಇಲ್ಲದ ಯುಟಿಎಫ್8 (ಅಕ್ಷರನ್ನ ಬೈಟ್ ಆಗಿ ಬರಿಯೋ ಪದ್ಧತಿ) ಅಂತ ಸೇವ್ ಮಾಡ್ರಿ. ಹಳೇ ಕೋಡ್ ಯಾರ ಕಡಿಂದರ ತಗೊಂಡು ಏರ್ಸಿದಾಗ ಮೈಎಸ್‌ಕ್ಯೂಎಲ್ ಕನೆಕ್ಟ್ ಫಂಕ್ಷನ್ನ ಇಲ್ಲ ಅಂದ್ರ, ಅವು 2015ರಾಗ ಪಿಎಚ್‌ಪಿ 7 ಬಂದಾಗ ಹೋದ್ವು, ಡೇಟಾಬೇಸ್ ಮುಟ್ಟೋ ಹೊಸ ದಾರಿಗಳಾದ ಪಿಡಿಒಗೆ ಇಲ್ಲಾ ಮೈಎಸ್‌ಕ್ಯೂಎಲ್‌ಐಗೆ ಬದಲ್ಸದ ದಾರಿ ಇಲ್ಲ. ಬದಲ್ಸೋವಾಗ ಪ್ರಿಪೇರ್ಡ್ ಸ್ಟೇಟ್‌ಮೆಂಟ್ (ಕ್ವೆರಿ ಬ್ಯಾರೆ, ಡೇಟಾ ಬ್ಯಾರೆ ಕಳಿಸೋದು) ಹಾಕ್ರಿ, ಯಾರದರ ಹೆಸರಿನ್ಯಾಗ ಒಂಟಿ ಕೋಟ್ ಬಂದ್ರ 1064 (ಕ್ವೆರಿ ಬರವಣಿಗಿ ತಪ್ಪು) ಬಂದು ಬೀಳೋದೂ ತಪ್ತೈತಿ, ಎಸ್‌ಕ್ಯೂಎಲ್ ಇಂಜೆಕ್ಷನ್ ಹಾಕಾಕ, ಅಂದ್ರ ಫಾರ್ಮಿನ್ಯಾಗಿಂದ ತಮ್ಮ ಕ್ವೆರಿ ತುರುಕಾಕ, ಬರೋರದೂ ತಪ್ತೈತಿ.

ಕರೆಂಟ್ ಹೋದ ಮ್ಯಾಲ ಝ್ಯಾಂಪ್ ಏಳವಲ್ದು

ಶಕ್ತಿನಗರದಾಗ ಕರೆಂಟ್ ಹುಟ್ತೈತಿ, ಆದ್ರೂ ನಮ್ಮ ಓಣ್ಯಾಗ ಹೋಗೋದು ತಪ್ಪಂಗಿಲ್ಲ, ಇರ್ಲಿ. ಯುಪಿಎಸ್ ಇಲ್ಲದ ಕಂಪ್ಯೂಟರ್ ಒಮ್ಮೆಲೆ ಆಫ್ ಆದ್ರ "ಮೈಎಸ್‌ಕ್ಯೂಎಲ್ ಶಟ್‌ಡೌನ್ ಅನ್‌ಎಕ್ಸ್‌ಪೆಕ್ಟೆಡ್ಲಿ" ಅಂತ ಕೆಂಪು ಸಾಲು ಬರ್ತೈತಿ. ಯೂಟ್ಯೂಬ್ ನೋಡಿ ಐಬಿಡೇಟಾ1 ಫೈಲ್ ಡಿಲೀಟ್ ಮಾಡೋದು ಮಾತ್ರ ಖಬರ್ದಾರ್, ಮೈಎಸ್‌ಕ್ಯೂಎಲ್ ಟೇಬಲ್ ಇಡೋ ಪದ್ಧತಿಯಾದ ಇನ್ನೋಡಿಬಿಯ ಲೆಕ್ಕ ಪತ್ರ ಎಲ್ಲಾ ಅದರಾಗ ಇರ್ತೈತಿ, ಅಳಿಸಿದ್ರ ಝ್ಯಾಂಪ್ ಏಳ್ತೈತಿ ಖರೆ, ಟೇಬಲ್ ತೆರೆಯಂಗಿಲ್ಲ. ಮೊದ್ಲ ಡೇಟಾ ಫೋಲ್ಡರ್ ಪೂರಾ ಬ್ಯಾರೆ ಕಡಿ ಕಾಪಿ ಇಡ್ರಿ. ಆಮ್ಯಾಲ ಲಾಗ್ ನೋಡ್ರಿ, ಕೆಲವೊಮ್ಮೆ 3306 ಪೋರ್ಟ್ ಇನ್ನೊಂದು ಮೈಎಸ್‌ಕ್ಯೂಎಲ್ ಹಿಡಕೊಂಡಿರ್ತೈತಿ ಅಷ್ಟ. ಖರೇನ ಕೆಟ್ಟಿದ್ರ ಮೈ ಡಾಟ್ ಐಎನ್‌ಐ ಫೈಲಿನ್ಯಾಗ ಇನ್ನೋಡಿಬಿ ಫೋರ್ಸ್ ರಿಕವರಿ 1 ಅಂತ ಹಾಕಿ ಎಬ್ಬಿಸ್ರಿ, ಎದ್ದ ತಕ್ಷಣ ಡಂಪ್ (ಡೇಟಾ ಪೂರಾ ಒಂದು ಫೈಲಿಗೆ) ತಗೋರಿ, ಹೊಸಾ ಇನ್‌ಸ್ಟಾಲಿನ್ಯಾಗ ಹಾಕ್ರಿ. 1ಕ್ಕ ಏಳ್ಲಿಲ್ಲಂದ್ರ 2, 3 ಹಿಂಗ ಏರ್ಸ್ತಾ ಹೋಗ್ರಿ, 4ಕ್ಕ ಮುಟ್ಟಿದ್ರ ಡೇಟಾನ ಕಾಯಂ ಕೆಡೋ ಸಾಧ್ಯತೆ ಐತಿ, ಕಾಪಿ ಇಲ್ಲದ ಅಲ್ಲಿಗೆ ಹೋಗಬ್ಯಾಡ್ರಿ.

ಸುಮ್ನ ಕುಂದ್ರೋವು

ಈಗ ಖರೇ ವಿಷಯಕ್ಕ ಬರೋಣು. ಹೆಸರೆಲ್ಲಾ ಪ್ರಶ್ನಾರ್ಥಕ ಚಿಹ್ನಿ ಆಗ್ಯಾವ ಅಂತ ಒಬ್ರು, ವಿಚಿತ್ರ ಇಂಗ್ಲಿಷ್ ಅಕ್ಷರ ಬಂದಾವ ಅಂತ ಇನ್ನೊಬ್ರು, ಇಬ್ರದೂ "ಕನ್ನಡ ಬರವಲ್ದು" ಅನ್ನೋ ಒಂದ ದೂರು, ಆದ್ರ ರೋಗ ಬ್ಯಾರೆ. ಫೈಂಡ್ ಮಾಡಾಕ ಸೆಲೆಕ್ಟ್ ಕ್ವೆರಿಯೊಳಗ ಆ ಕಾಲಮ್ಮಿಗೆ ಹೆಕ್ಸ್ ಫಂಕ್ಷನ್ (ಒಳಗಿನ ಬೈಟುಗಳನ್ನ ತೋರ್ಸೋದು) ಸುತ್ತಿ ನೋಡ್ರಿ. ಕನ್ನಡದ ಒಂದೊಂದು ಅಕ್ಷರ ಗುರುತಿಗೆ ಯುಟಿಎಫ್8ನಾಗ 3 ಬೈಟ್, "ರ" ಅಂದ್ರ ಇ0ಬಿ2ಬಿ0. ಹಂಗ ಕಂಡ್ರ ಡೇಟಾ ಚೊಲೋ ಐತಿ, ತೋರ್ಸೋ ಕಡಿ ತಪ್ಪೈತಿ, ಕನೆಕ್ಷನ್ ಆದ ಕೂಡ್ಲೇ ಸೆಟ್ ಚಾರ್‌ಸೆಟ್ ಯುಟಿಎಫ್8ಎಂಬಿ4 (ಮೈಎಸ್‌ಕ್ಯೂಎಲ್‌ನ ಪೂರಾ ಯುಟಿಎಫ್8) ಅಂತ ಹಾಕ್ರಿ, ಎಚ್‌ಟಿಎಂಎಲ್ ಹೆಡ್ಡಿನ್ಯಾಗೂ ಯುಟಿಎಫ್8 ಇರ್ಲಿ. ಸಿ3ಎ0ಸಿ2ಬಿ2 ಹಿಂಗ ಶುರು ಆದ್ರ ಎರಡು ಸಲ ಎನ್‌ಕೋಡ್ ಆಗೈತಿ, ಇದನ್ನ ವಾಪಸ್ ತರಬಹುದು: ಕಾಲಮನ್ನ ಲ್ಯಾಟಿನ್1ಗೆ (ಕನ್ನಡ ಇಲ್ಲದ ಹಳೇ ಅಕ್ಷರ ಪದ್ಧತಿಗೆ) ಕನ್ವರ್ಟ್ ಮಾಡಿ, ಬೈನರಿಗೆ ಕಾಸ್ಟ್ ಮಾಡಿ, ಅದನ್ನ ಯುಟಿಎಫ್8ಎಂಬಿ4ಗೆ ಕನ್ವರ್ಟ್ ಮಾಡೋದು, ಬ್ಯಾಕಪ್ ತಗೊಂಡು ಮೊದ್ಲ ಸೆಲೆಕ್ಟಿನ್ಯಾಗ ನೋಡಿ ಆಮ್ಯಾಲ ಅಪ್‌ಡೇಟ್. ಬರೇ 3ಎಫ್ 3ಎಫ್ 3ಎಫ್ ಕಂಡ್ರ ಮಾತ್ರ ಹೋತು, ಅದು ಖರೇನ ಪ್ರಶ್ನಾರ್ಥಕ ಚಿಹ್ನಿ, ಅಲ್ಲಿ ಕನ್ನಡ ಉಳದಿಲ್ಲ, ಲ್ಯಾಟಿನ್1 ಕಾಲಮ್ಮಿಗೆ ಹಾಕುವಾಗ ಸತ್ತೈತಿ. ಹಳೇ ಬ್ಯಾಕಪ್ಪ ಗತಿ.

ಮೈಎಸ್‌ಕ್ಯೂಎಲ್‌ನ ಬರೇ ಯುಟಿಎಫ್8 ಅನ್ನೋದು 3 ಬೈಟ್ ತನಕ ಅಷ್ಟ ಹಿಡಿತೈತಿ, ಅದಕ ಕನ್ನಡ ಸರಿ ಹೋಗ್ತೈತಿ, ಯಾರರ ವಿಳಾಸದ ಮುಂದ 4 ಬೈಟಿನ ಇಮೋಜಿ ಹಾಕಿದ ದಿನ 1366 ಎರರ್ ಬರ್ತೈತಿ. 8.0 ವರ್ಷನ್ನಿನಿಂದ ಯುಟಿಎಫ್8ಎಂಬಿ4 ತಾನಾಗಿ ಬರ್ತೈತಿ, ಹಳೇ ಟೇಬಲ್ ಮಾತ್ರ ನೀವ ಬದಲ್ಸಬೇಕು.

ಇನ್ನೊಂದು ಮೂರನೇ ಥರ ಐತಿ, ನಮ್ಮ ಕನ್ನಡದೋರಿಗಷ್ಟ ಗೊತ್ತಿರೋದು. ಡಿಟಿಪಿ ಅಂಗಡ್ಯಾಗ ನುಡಿ ಫಾಂಟಿನ್ಯಾಗ ಟೈಪ್ ಮಾಡಿದ ಲಿಸ್ಟನ್ನ ಎಕ್ಸೆಲಿನಿಂದ ಹಂಗ ಇಂಪೋರ್ಟ್ ಮಾಡಿರ್ತಾರ. ಅದು ಕನ್ನಡ ಅಲ್ಲ, ಕನ್ನಡದ ಹಂಗ ಕಾಣೋ ಫಾಂಟ್ ಹಾಕ್ಕೊಂಡ ಇಂಗ್ಲಿಷ್ ಕೋಡುಗಳು. ಚಾರ್‌ಸೆಟ್ ಎಷ್ಟ ತಿರುವಿದ್ರೂ ಸರಿ ಆಗಂಗಿಲ್ಲ, ನುಡಿಯಿಂದ ಯೂನಿಕೋಡಿಗೆ ಬದಲ್ಸೋ ಕನ್ವರ್ಟರ್ ಹಾಕಿನ ಇಂಪೋರ್ಟ್ ಮಾಡ್ರಿ.

ಉದ್ದ ನೋಡೋದರಾಗೂ ಮೋಸ ಐತಿ. "ರಾಯಚೂರು" ಅನ್ನೋದಕ್ಕ ಬೈಟ್ ಎಣಿಸೋ ಎಸ್‌ಟಿಆರ್‌ಲೆನ್ ಹಾಕಿದ್ರ 21 ಬರ್ತೈತಿ, ಅಕ್ಷರ ಗುರುತು ಎಣಿಸೋ ಎಂಬಿ ಎಸ್‌ಟಿಆರ್‌ಲೆನ್ ಹಾಕಿದ್ರ 7. ಸಬ್‌ಎಸ್‌ಟಿಆರ್ ಹಾಕಿ 10 ಬೈಟಿಗೆ ಕತ್ತರಿಸಿದ್ರ ಅಕ್ಷರ ನಡುವ ಮುರೀತೈತಿ, ಮುರದದ್ದನ್ನ ಆಪಿಗೆ ಡೇಟಾ ಕಟ್ಟಿ ಕಳಿಸೋ ಜೇಸನ್ ಎನ್‌ಕೋಡಿಗೆ ಕೊಟ್ರ ಅದು ಫಾಲ್ಸ್ ಅಂತ ಕೊಡ್ತೈತಿ, ಮೊಬೈಲ್ ಆಪಿನ್ಯಾಗ ಲಿಸ್ಟ್ ಖಾಲಿ, ಎರರ್ ಎಲ್ಲೂ ಇಲ್ಲ. ಕನ್ನಡಕ್ಕ ಎಲ್ಲಾ ಕಡಿ ಎಂಬಿ ಫಂಕ್ಷನ್ನ ಬಳಸ್ರಿ. ಇನ್ನ "ಕೊಪ್ಪಳ" ತಗೋರಿ, ಮೊದಲಿನ "ಕೊ" ಒಂದ ಸ್ವರ ಚಿಹ್ನಿಯಿಂದ ಬರಬಹುದು, ಎರಡು ಚಿಹ್ನಿ ಕೂಡಿಸಿಯೂ ಬರಬಹುದು, ಪರದಿ ಮ್ಯಾಲ ಎರಡೂ ಒಂದ ಥರ, ಪಿಎಚ್‌ಪಿ ಹೋಲಿಸಿದ್ರ ಬ್ಯಾರೆ. ಸೇವ್ ಮಾಡೋಕ ಮುಂಚೆ ಪಿಎಚ್‌ಪಿಯ ಇಂಟ್ಲ್ ಎಕ್ಸ್‌ಟೆನ್ಷನ್ನಿನ ನಾರ್ಮಲೈಝರ್ ಹಾಯಿಸಿ ಎರಡನ್ನೂ ಒಂದ ಥರ ಮಾಡಿ ಬಿಡ್ರಿ.

ಅದಕ್ಕೂ ಕೆಟ್ಟದ್ದು ಮೊಬೈಲ್ ನಂಬರನ್ನ ಇಂಟ್ (ಪೂರ್ಣ ಸಂಖ್ಯೆ) ಕಾಲಮ್ಮಿನ್ಯಾಗ ಇಡೋದು. ಇಂಟ್ ಹಿಡಿಯೋದು 2147483647 ತನಕ, ನಮ್ಮ ಮೊಬೈಲ್ ನಂಬರ್ ಶುರು ಆಗೋದ 6ರಿಂದ. ತಪ್ಪು ಡೇಟಾ ಒಳಗ ಬಿಡದ ಸ್ಟ್ರಿಕ್ಟ್ ಮೋಡ್ ಆನ್ ಇದ್ರ 1264 ಅಂತ ಕಿರುಚ್ತೈತಿ, ಒಳ್ಳೇದು. ಆಫ್ ಇದ್ರ ಎಲ್ಲಾ ಗಿರಾಕಿಗೂ 2147483647 ಅಂತ ಒಂದ ನಂಬರ್ ಬರದು ಸುಮ್ನ ಕುಂದ್ರತೈತಿ. ಎಸ್‌ಟಿಡಿ ಕೋಡೂ ಹಂಗ, ಕೊಪ್ಪಳದ 08539 ಹೋಗಿ 8539 ಆಗ್ತೈತಿ. ಫೋನ್, ಪಿನ್‌ಕೋಡ್, ಆಧಾರ್ ಇವು ಕೂಡಿಸಿ ಕಳಿಯೋ ಸಂಖ್ಯೆ ಅಲ್ಲ, ವಾರ್‌ಚಾರ್ (ಅಕ್ಷರದ ಕಾಲಮ್) ಇಡ್ರಿ. ಸ್ಟ್ರಿಕ್ಟ್ ಮೋಡ್ ಆನ್ ಮಾಡ್ರಿ, ಎರರ್ ಬಂದ್ರ ಬರ್ಲಿ. ರೊಕ್ಕದ ಕಾಲಮ್ಮಿಗೆ ಅಂದಾಜಿನ ಫ್ಲೋಟ್ ಬ್ಯಾಡ, ನಿಖರ ಡೆಸಿಮಲ್ ಹಾಕ್ರಿ, ಭತ್ತದ ಚೀಲದ ಲೆಕ್ಕದಾಗ ಪೈಸಾ ವ್ಯತ್ಯಾಸ ಬಂದ್ರ ದಲಾಲಿ ಅಂಗಡಿಯವ್ರು ಬಿಡಂಗಿಲ್ಲ.

ಜಿಲ್ಲಾ ಹೆಸರು ಟೈಪ್ ಮಾಡಿಸಬ್ಯಾಡ್ರಿ, ಐಡಿ ಇರೋ ಟೇಬಲ್ ಮಾಡಿ ಡ್ರಾಪ್‌ಡೌನ್ ಕೊಡ್ರಿ. 2014ರ ನವೆಂಬರ್ 1ಕ್ಕ ಇಂಗ್ಲಿಷಿನ್ಯಾಗ ಬೆಳ್ಳಾರಿ ಹೋಗಿ ಬಳ್ಳಾರಿ ಆತು, 2021ರಾಗ ವಿಜಯನಗರ ಜಿಲ್ಲೆ ಬ್ಯಾರೆ ಆಗಿ ಹೊಸಪೇಟೆ ಅದರಾಗ ಹೋತು. ಹೆಸರಿನ ಮ್ಯಾಲ ಜಾಯಿನ್ ಹಾಕಿದ (ಎರಡು ಟೇಬಲ್ ಜೋಡಿಸಿದ) ಹಳೇ ರಿಪೋರ್ಟುಗಳು ಎರರ್ ಕೊಡಂಗಿಲ್ಲ, ಸಾಲು ಕಡಿಮಿ ತೋರಿಸ್ತಾವ ಅಷ್ಟ.

ಟೈಮ್ ಸೈತ ನೋಡ್ರಿ. ಸರ್ವರ್ ಬಹುತೇಕ ಯುಟಿಸಿಯೊಳಗ (ಜಗತ್ತಿನ ಮೂಲ ಸಮಯ) ಇರ್ತೈತಿ, ನಾವು 5 ತಾಸು 30 ನಿಮಿಷ ಮುಂದ. ಮುಂಜಾನೆ 5ಕ್ಕ ಒಲಿ ಹಚ್ಚೋ ಹೋಟೆಲ್ಲಿನ ಮೊದಲ ಬಿಲ್ಲು ನಿನ್ನೀ ತಾರೀಖಿಗೆ ಬೀಳ್ತೈತಿ. ಪಿಎಚ್‌ಪಿಯೊಳಗ ಟೈಮ್‌ಝೋನ್ ಏಷ್ಯಾ ಕೋಲ್ಕತಾ ಇಡ್ರಿ, ಮೈಎಸ್‌ಕ್ಯೂಎಲ್ ಕನೆಕ್ಷನ್ನಿನ್ಯಾಗ ಪ್ಲಸ್ 05:30 ಸೆಟ್ ಮಾಡ್ರಿ. ಒಂದ ಕಡಿ ಮಾಡಿ ಇನ್ನೊಂದು ಬಿಟ್ರ ಇನ್ನೂ ಗೊಂದಲ.

ಸ್ಲೋ ಆಗೈತಿ ಅಂದ್ರ

ಸರ್ವರ್ ದೊಡ್ಡದು ತಗೊಳೋಕ ಮುಂಚೆ ಶೋ ಫುಲ್ ಪ್ರೊಸೆಸ್‌ಲಿಸ್ಟ್ ಹಾಕಿ ಈಗ ಯಾವ ಕ್ವೆರಿ ಸಿಕ್ಕೊಂಡೈತಿ ನೋಡ್ರಿ. ಸ್ಲೋ ಕ್ವೆರಿ ಲಾಗ್ ಆನ್ ಮಾಡ್ರಿ, ಅದು ತಾನಾಗಿ 10 ಸೆಕೆಂಡ್ ದಾಟಿದ್ದನ್ನಷ್ಟ ಬರಿತೈತಿ, 1ಕ್ಕ ಇಳಿಸ್ರಿ. ಸಿಕ್ಕ ಕ್ವೆರಿ ಮುಂದ ಎಕ್ಸ್‌ಪ್ಲೇನ್ ಹಚ್ಚಿ ಓಡಿಸ್ರಿ, ಟೈಪ್ ಕಾಲಮ್ಮಿನ್ಯಾಗ ಆಲ್ ಅಂತ ಬಂದ್ರ ಟೇಬಲ್ ಪೂರಾ ಓದ್ಲಿಕ್ಕತ್ತೈತಿ, ವ್ಹೇರ್ (ಹುಡುಕೋ ಷರತ್ತು) ಒಳಗಿನ ಕಾಲಮ್ಮಿಗೆ ಇಂಡೆಕ್ಸ್, ಅಂದ್ರ ಪುಸ್ತಕದ ಹಿಂದಿನ ಪದಸೂಚಿ ಹಂಗ ಒಂದು ಪಟ್ಟಿ, ಬೇಕು. ಇಂಡೆಕ್ಸ್ ಹಾಕಿದ್ರೂ ಬಳಸವಲ್ದು ಅಂದ್ರ ಕ್ವೆರಿ ನೋಡ್ರಿ, ತಾರೀಖಿಗೆ ಇಯರ್ ಫಂಕ್ಷನ್ ಸುತ್ತಿದ್ರ ಇಂಡೆಕ್ಸ್ ಕೆಲಸ ಮಾಡಂಗಿಲ್ಲ, ಶುರು ತಾರೀಖು ಕೊನಿ ತಾರೀಖು ಕೊಟ್ಟು ಬರೀರಿ. ಲೈಕ್ ಹಾಕುವಾಗ ಮುಂದ ಪರ್ಸೆಂಟ್ ಗುರುತು ಇದ್ರೂ ಅದ ಕಥಿ. ಲೂಪಿನೊಳಗ ಒಬ್ಬೊಬ್ಬ ವಿದ್ಯಾರ್ಥಿಗೆ ಒಂದೊಂದು ಕ್ವೆರಿ ಹೊಡಿಯೋದು ಬಿಟ್ಟು ಒಂದ ಜಾಯಿನಿನ್ಯಾಗ ತರ್ರಿ.

ಮ್ಯಾಲ ಹೇಳಿದಂಗ ಮೊಬೈಲ್ ನಂಬರನ್ನ ವಾರ್‌ಚಾರ್ ಮಾಡಿದ್ರ, ಹುಡುಕೋ ಕ್ವೆರಿಯೊಳಗ ಅದನ್ನ ಕೋಟಿನೊಳಗ ಕೊಡ್ರಿ, ಪಿಡಿಒ ಆದ್ರ ಸ್ಟ್ರಿಂಗ್ ಅಂತ ಬೈಂಡ್ ಮಾಡ್ರಿ. ಬರೇ ಸಂಖ್ಯೆ ಕೊಟ್ರ ಮೈಎಸ್‌ಕ್ಯೂಎಲ್ ಪ್ರತಿ ಸಾಲನ್ನೂ ಸಂಖ್ಯೆಗೆ ಬದಲಿಸಿ ಹೋಲಿಸ್ತೈತಿ, ಇಂಡೆಕ್ಸ್ ಇದ್ದೂ ಇಲ್ಲದಂಗ, ಉತ್ತರ ಸರಿಯಾಗೇ ಬರ್ತೈತಿ, ತಡ ಆಗಿ.